ಮಾಗಿಯ ಚಳಿ, ಹೊಲದ ಸೀತನಿ

ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಆಯಿತು. ಸಂಕ್ರಾಂತಿಯ ಎಳ್ಳು ಹಂಚಿ, ಹೊಳೆಯಲ್ಲಿ ಮಿಂದು ಬಂದದ್ದೂ ಆಯಿತು. ಹಬ್ಬಕ್ಕೆ ಬಂದ ಹೆಣ್ಣುಮಕ್ಕಳು ಗಂಡನ ಮನೆಗೆ ಹೋಗಿದ್ದಾರೆ, ಹುಡುಗರು ಶಾಲೆಗೆ ಮರಳಿದ್ದಾರೆ. ಜೋಳದ ಕೊಯ್ಲಿಗೆ ಇನ್ನೂ ಕೆಲವು ವಾರಗಳಿವೆ. ಕಡಲೆಯ ಕಾಯಿ ತುಂಬುತ್ತಿದೆ, ಕುಸುಬೆ ಹೂವಾಡುತ್ತಿದೆ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಕಡೆಯ ಎರೆಭೂಮಿಯ ಒಕ್ಕಲಿಗನಿಗೆ ವರ್ಷದಲ್ಲಿ ತುಸು ಬಿಡುವು ಸಿಗುವುದು ಈ ದಿನಗಳಲ್ಲಿಯೇ.

ಇಳುವರಿ, ಗೊಬ್ಬರ, ಕಳೆಗಳ ವಿಚಾರವನ್ನೇ ಬರೆಯುತ್ತ ಬಂದ ನಾನು ಈ ಸಲ ಹೊಲದಲ್ಲಿ ಕುಳಿತು ತಿನ್ನುವ ಸುಖದ ಬಗ್ಗೆ ಬರೆಯಹೊರಟಿರುವುದನ್ನು ಕಂಡು ರೈತ ಬಾಂಧವರು ನಗಬಹುದು. ನಗಲಿ. ಈ ಸುಖದಲ್ಲಿಯೂ ಬೇಸಾಯದ ವಿಷಯ ಅಡಗಿದೆ. ಅದನ್ನು ತಡವಾಗಿ ತಿಳಿದವರಲ್ಲಿ ನಾನೂ ಒಬ್ಬ.

ಮಾಗಿಯ ಮುಂಜಾವಿನಲ್ಲಿ ಕಡಲೆ ಹೊಲಕ್ಕೆ ಇಳಿದವರಿಗೆ ಇಬ್ಬನಿಯ ರುಚಿಯನ್ನು ಹೇಳಿಕೊಡಬೇಕಾಗಿಲ್ಲ. ಗಿಡದ ಮೇಲೆ ಕೈಯಾಡಿಸಿ ಬೆರಳು ನೆಕ್ಕಿದರೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಕಡಲೆಯ ಎಲೆ, ಕಾಯಿಗಳ ಮೇಲಿನ ಸಣ್ಣ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುತ್ತವೆ. ಹಿರಿಯರು ರಾತ್ರಿ ಬಿಳಿಬಟ್ಟೆ ಹಾಸಿ ಬೆಳಗ್ಗೆ ಹಿಂಡಿ ಶೇಖರಿಸುತ್ತಿದ್ದ ಕಡಲೆ ಹುಳಿ ಇದೇ. ಹೊತ್ತೇರಿದ ಮೇಲೆ ನಾಲ್ಕು ಗಿಡ ಕಿತ್ತು ಬೆಂಕಿಯಲ್ಲಿ ಬಾಡಿಸಿದರೆ ಸುಲಗಾಯಿ. ಬದುವಿನ ಬಾರಿ ಗಿಡದ ಕೆಳಗೆ ಬಿದ್ದ ಹಣ್ಣು ಮಕ್ಕಳ ಪಾಲು. ಸಂಜೆ ಮನೆಗೆ ಬಂದರೆ ಒಲೆಯ ಮುಂದೆ ಕುಳಿತು ಬಿಸಿ ರೊಟ್ಟಿ, ಮೇಲೆ ಹೊದೆಯಲು ಕೌದಿ. ಇವುಗಳಿಗೆ ದುಡ್ಡು ಕೊಡಬೇಕಾಗಿಲ್ಲ.

ಆದರೆ ಮಾಗಿಯ ಎಲ್ಲ ಸುಖಗಳಲ್ಲಿ ದೊಡ್ಡದು ಸೀತನಿ. ಕಲಬುರಗಿ ಕಡೆ ಇದನ್ನು ಬೆಳಸಿ ಎನ್ನುತ್ತಾರೆ, ಮಹಾರಾಷ್ಟ್ರದಲ್ಲಿ ಹುರ್ಡಾ. ಗಾಳಿಗೆ ಮರೆಯಾದ ಜಾಗದಲ್ಲಿ ತಗ್ಗು ತೋಡಿ, ಕುಳ್ಳು ಒಟ್ಟಿ, ಉರಿ ಇಳಿದು ಕೆಂಡವಾದ ಮೇಲೆ ಎಳೆ ತೆನೆಗಳನ್ನು ದಂಟು ಹೊರಗಿರುವಂತೆ ಬೂದಿಗೆ ತುರುಕಿ, ತಿರುವಿ ತಿರುವಿ ಸುಡಬೇಕು. ಸುಟ್ಟ ತೆನೆಯನ್ನು ಬಿಸಿಯಿರುವಾಗಲೇ ಗೋಣಿತಟ್ಟಿನ ಮೇಲೆ ಉಜ್ಜಿ, ಹೊಟ್ಟು ಊದಿ, ಹಸಿರು ಕಾಳನ್ನು ಶೇಂಗಾ ಚಟ್ನಿಯೊಡನೆಯೋ ಬೆಲ್ಲದೊಡನೆಯೋ ತಿನ್ನಬೇಕು. ಉಜ್ಜುವವರ ಅಂಗೈ ಕೆಂಪಾಗುತ್ತದೆ, ತಿನ್ನುವವರಿಗೆ ಅದರ ಚಿಂತೆಯಿಲ್ಲ. ನಮ್ಮ ಮನೆಯಲ್ಲಿ ಉಜ್ಜುವ ಕೆಲಸ ಸದಾ ತಂದೆಯವರದು. ಎಲ್ಲರೂ ತಿಂದ ಮೇಲೆ ತಣ್ಣಗಾದದ್ದನ್ನು ಅವರು ಮಜ್ಜಿಗೆಯೊಡನೆ ತಿನ್ನುತ್ತಿದ್ದರು.

ಈ ಕಾಳು ಸಿಹಿಯಾಗಿರುವುದಕ್ಕೆ ಕಾರಣವಿದೆ. ಎಲೆಗಳಲ್ಲಿ ತಯಾರಾದ ಸಕ್ಕರೆ ಕಾಳಿಗೆ ಹರಿದುಬಂದು ಅಲ್ಲಿ ಪಿಷ್ಟವಾಗಿ ಗಟ್ಟಿಯಾಗುತ್ತದೆ. ಹಾಲುಗಾಳಿನಲ್ಲಿ ಸಕ್ಕರೆಯಿದ್ದರೂ ನೀರೇ ಹೆಚ್ಚು, ಉಜ್ಜಿದರೆ ಒಡೆದು ಅಂಟಾಗುತ್ತದೆ. ಗಟ್ಟಿಯಾದ ಮೇಲೆ ಸುಟ್ಟರೆ ಬರೀ ಹಿಟ್ಟು. ಇವೆರಡರ ನಡುವೆ, ಉಗುರು ಊರಿದರೆ ಹಾಲು ಚಿಮ್ಮದೆ ಮೆತ್ತನೆಯ ಕಣಕದಂತಿರುವ ಕೆಲವೇ ದಿನಗಳು ಸೀತನಿಯ ಹದ. ರಾತ್ರಿಯ ತಂಪಿನಲ್ಲಿ ಕಾಳು ತುಂಬುವುದು ನಿಧಾನವಾಗುವುದರಿಂದ ಈ ಹದ ತುಸು ಹೆಚ್ಚು ದಿನ ನಿಲ್ಲುತ್ತದೆ. ಅಕ್ಟೋಬರ್ ಮೊದಲ ಪಕ್ಷದಲ್ಲಿ ಬಿತ್ತಿದ ಜೋಳ ಸಂಕ್ರಾಂತಿಯ ಆಸುಪಾಸಿನಲ್ಲಿ ಈ ಹದಕ್ಕೆ ಬರುತ್ತದೆ.

ಎಂ 35-1 ತಳಿಯ ತೆನೆಯನ್ನೂ ಸುಟ್ಟು ತಿನ್ನಬಹುದು, ಎಷ್ಟೋ ಮನೆಗಳಲ್ಲಿ ತಿನ್ನುತ್ತಾರೆ. ಆದರೆ ಸೀತನಿಗೆಂದೇ ಇಟ್ಟುಕೊಂಡ ನಾಟಿ ಜೋಳಗಳ ಗುಣ ಬೇರೆ. ಅವುಗಳ ಕಾಳು ಸಿಪ್ಪೆಯಿಂದ ಸಲೀಸಾಗಿ ಬಿಡುತ್ತದೆ, ಸಿಹಿಯೂ ಹೆಚ್ಚು. ಸಕ್ಕರಿ ಮುಕ್ಕರಿ ಎಂಬ ಹೆಸರೇ ಅದನ್ನು ಹೇಳುತ್ತದೆ. ರಾಹುರಿಯ ಕೃಷಿ ವಿಶ್ವವಿದ್ಯಾಲಯವು ಫುಲೆ ಉತ್ತರಾ, ಫುಲೆ ಮಧುರ ಎಂಬ ತಳಿಗಳನ್ನು ಹುರ್ಡಾಕ್ಕೆಂದೇ ಹೊರತಂದಿದೆ. ಅಲ್ಲಿ ಪಟ್ಟಣಿಗರು ಹಣ ಕೊಟ್ಟು ಹೊಲಕ್ಕೆ ಬಂದು ಹುರ್ಡಾ ತಿಂದು ಹೋಗುತ್ತಾರೆ.

ಇನ್ನು ನಮ್ಮ ಮನೆಯ ಮಾತು. ನಮ್ಮ ತಾಯಿ ಪ್ರತಿ ವರ್ಷ ಸೀತನಿ ಸುಡುವ ಮೊದಲು ಸಾಲುಗಳಲ್ಲಿ ಒಬ್ಬಳೇ ಓಡಾಡಿ ಒಳ್ಳೆಯ ತೆನೆಗಳಿಗೆ ಕೆಂಪು ದಾರ ಕಟ್ಟಿ ಬರುತ್ತಿದ್ದಳು. "ಕೆಂಪು ದಾರದ ತೆನಿಗೆ ಕೈ ಹಚ್ಚಬ್ಯಾಡ್ರೋ, ಅದು ಬರೋ ವರ್ಷದ್ದು" ಎಂದು ನಮಗೆಲ್ಲ ತಾಕೀತು. ನಾವು ಅದನ್ನು ಹಬ್ಬದ ಶಾಸ್ತ್ರಗಳಲ್ಲಿ ಒಂದೆಂದು ತಿಳಿದಿದ್ದೆವು. ಆಕೆ ತೀರಿಕೊಂಡ ವರ್ಷ ನೆಂಟರಿಷ್ಟರು ಬಹಳ ಮಂದಿ ಬಂದಿದ್ದರು. ದುಃಖ ಮರೆಯಲೆಂದು ಎಲ್ಲರನ್ನೂ ಹೊಲಕ್ಕೆ ಕರೆದೊಯ್ದು ಸೀತನಿ ಸುಟ್ಟೆವು. ಎರಡು ದಿನದಲ್ಲಿ ಸಾಲು ಬರಿದಾಯಿತು. ಮುಂದಿನ ಹಿಂಗಾರಿಗೆ ಬೀಜದ ಗಡಿಗೆಗೆ ಕೈಹಾಕಿದಾಗ ಒಳಗೆ ಬೂದಿ ಮಾತ್ರ ಇತ್ತು. ಬೇರೆ ಬೆಳೆಗಳಲ್ಲಿ ತಿಂದು ಉಳಿದದ್ದು ಬೀಜವಾಗುತ್ತದೆ. ಸೀತನಿಯಲ್ಲಿ ಕಾಳು ಬಲಿಯುವ ಮೊದಲೇ ತಿನ್ನುತ್ತೇವೆ, ಬೀಜಕ್ಕೆಂದು ಮೊದಲೇ ತೆಗೆದಿಡದಿದ್ದರೆ ಏನೂ ಉಳಿಯದು. ಬೇಸಾಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಊರೂರಿಗೆ ಬೀಜದ ಮಹತ್ವ ಹೇಳುತ್ತಿದ್ದ ನಾನು ಸ್ವಂತ ಮನೆಯ ತಳಿಯನ್ನು ಚಟ್ನಿ ಹಚ್ಚಿಕೊಂಡು ತಿಂದು ಮುಗಿಸಿದ್ದೆ.

ಮೂರು ವರ್ಷಗಳ ಮೇಲೆ ತಾಯಿಯ ತವರೂರಿನಲ್ಲಿ ಸೋದರಮಾವನ ಹೆಂಡತಿ, ನಮ್ಮ ಅತ್ತಿ, ಬಟ್ಟೆಯ ಗಂಟಿನಿಂದ ಒಂದು ಹಿಡಿ ಬೀಜ ಬಿಚ್ಚಿ ಕೊಟ್ಟಳು. ಅದು ನಮ್ಮ ಮನೆಯ ತಳಿಯೇ ಎಂದು ಪ್ರಮಾಣ ಮಾಡಲಾರೆ. ತೆನೆ ಒಂದು ವಾರ ತಡವಾಗಿ ಬರುತ್ತದೆ. ರುಚಿ ಅದೇ ಎಂದು ತಂದೆಯವರು ಹೇಳಿದರು. ನನ್ನ ಸಮಾಧಾನಕ್ಕಾಗಿ ಹೇಳಿದರೇನೋ.

ಸೀತನಿಗೆ ಹೆಚ್ಚು ನೆಲ ಬೇಡ, ಒಂದು ಗುಂಟೆ ಸಾಕು. ಎಕರೆಗೆ 3 ಕಿಲೋ ಬೀಜದ ಲೆಕ್ಕದಲ್ಲಿ ಗುಂಟೆಗೆ 75 ಗ್ರಾಂ ಆಯಿತು. ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್ ಇಟ್ಟರೆ ಸುಮಾರು 1,500 ಗಿಡಗಳು ನಿಲ್ಲುತ್ತವೆ. ಎಕರೆಗೆ 5 ಕ್ವಿಂಟಲ್ ಬೆಳೆಯುವ ಹೊಲದಲ್ಲಿ ಇದರಿಂದ ಕೈಬಿಡುವ ಜೋಳ ಹನ್ನೆರಡೂವರೆ ಕಿಲೋ. ಇಡೀ ಓಣಿ ಕುಳಿತು ತಿನ್ನುವುದಕ್ಕೆ ಇದು ದುಬಾರಿಯೆಂದು ನನಗೆ ಅನಿಸುವುದಿಲ್ಲ. ಗುಂಟೆಯನ್ನು ಎರಡು ಪಾಲು ಮಾಡಿ ಹತ್ತು ದಿನದ ಅಂತರದಲ್ಲಿ ಬಿತ್ತಿದರೆ ಸುಗ್ಗಿ ಅಷ್ಟು ಉದ್ದವಾಗುತ್ತದೆ. ಎರಡನೆಯ ಪಾಲಿಗೆ ತೇವ ಸಾಲದಿರಬಹುದು, ಅನುಕೂಲವಿದ್ದವರು ಒಂದು ನೀರು ಕೊಡಬೇಕು. ಸಿಹಿ ತೆನೆಗೆ ಗಿಳಿ, ಗುಬ್ಬಿಗಳು ಮೊದಲು ಬರುತ್ತವೆ. ಆದುದರಿಂದ ಮನೆ ಅಥವಾ ಗುಡಿಸಲಿನ ಹತ್ತಿರದ ಜಾಗ ಒಳ್ಳೆಯದು.

ಬೀಜದ ತೆನೆಗಳನ್ನು ಸಾಲುಗಳ ನಡುವಿನಿಂದಲೇ ಆರಿಸಬೇಕು. ಜೋಳದಲ್ಲಿ ಸ್ವಕೀಯ ಪರಾಗಸ್ಪರ್ಶವೇ ಹೆಚ್ಚಾದರೂ ಅಕ್ಕಪಕ್ಕದ ಹೊಲದ ಪರಾಗ ಅಷ್ಟಿಷ್ಟು ಬೆರೆಯದೆ ಇರುವುದಿಲ್ಲ. ಅಂಚಿನ ಗಿಡಗಳಲ್ಲಿ ಈ ಬೆರಕೆಯ ಸಂಭವ ಜಾಸ್ತಿ. ನಲವತ್ತು ಐವತ್ತು ತೆನೆಗಳಾದರೂ ಬೇಕು. ಎರಡು ಮೂರು ತೆನೆಗಳಿಂದ ಬೀಜ ಮಾಡಿದರೆ ನಾಟಿ ತಳಿಯೊಳಗಿನ ವೈವಿಧ್ಯ ಕ್ರಮೇಣ ಕಡಿಮೆಯಾಗುತ್ತದೆ. ಪೂರ್ತಿ ಬಲಿತ ಮೇಲೆ ಕೊಯ್ದು, ಬಿಸಿಲಿಗೆ ಒಣಗಿಸಿ, ಬೂದಿ ಬೆರೆಸಿ ಗಡಿಗೆಯಲ್ಲಿಡಬಹುದು, ಅಥವಾ ತೆನೆಯನ್ನೇ ಒಲೆಯ ಮೇಲಿನ ತೊಲೆಗೆ ಕಟ್ಟಬಹುದು.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ಕೀಟನಾಶಕ ಸಿಂಪಡಿಸಿದ ಸಾಲಿನ ತೆನೆಯನ್ನು ಸೀತನಿಗೆ ಮುಟ್ಟಬಾರದು. ಜೇನಿನಂತೆ ಅಂಟು ಜಿನುಗುವ ತೆನೆ ರೋಗದ್ದು, ಅದನ್ನು ಬಿಡಬೇಕು. ತೆನೆ ಕೊಯ್ದ ಮೇಲೆ ಬುಡದಿಂದ ಹೊಡೆಯುವ ಎಳೆಯ ಕುಳೆಚಿಗುರನ್ನು ದನಗಳಿಗೆ ಮೇಯಿಸಲೇಕೂಡದು. ಅದರಲ್ಲಿ ಧುರಿನ್ ಎಂಬ ವಸ್ತು ಹೆಚ್ಚಾಗಿದ್ದು, ದನದ ಹೊಟ್ಟೆಯಲ್ಲಿ ಸಯನೈಡ್ ವಿಷವಾಗಿ ಪರಿಣಮಿಸುತ್ತದೆ. ಬೆಂಕಿಯ ತಗ್ಗಿಗೆ ನೀರು ಸುರಿದ ಮೇಲೆಯೇ ಚಕ್ಕಡಿ ಹೂಡಬೇಕು. ಒಣಗುತ್ತಿರುವ ಪೈರಿಗೆ ಒಂದು ಕಿಡಿ ಸಾಕು.

ಸಾಲುಗಳಲ್ಲಿ ಇನ್ನೂ ತೆನೆ ಉಳಿದಿರುವವರು ಈ ವಾರವೇ ಬೀಜಕ್ಕೆ ಗುರುತು ಹಾಕುವುದು ಒಳ್ಳೆಯದು. ನಮ್ಮ ಹೊಲದಲ್ಲಿ ಮೊನ್ನೆ ಭಾನುವಾರ ಆ ಕೆಲಸವನ್ನು ನನ್ನ ಮಗಳಿಗೆ ಒಪ್ಪಿಸಿದೆ. ನಲವತ್ತು ತೆನೆ ಎಂದು ಹೇಳಿದ್ದೆ, ನಲವತ್ತೇಳಕ್ಕೆ ಕಟ್ಟಿದ್ದಾಳೆ. ಕೆಂಪು ದಾರ ಸಾಲದೆ ಕೊನೆಯ ಏಳಕ್ಕೆ ಕೌದಿ ಹೊಲಿಯುವ ನೀಲಿ ದಾರ.