ಬಣ್ಣ ಒರೆಸುವುದನ್ನೂ ಕಲಿಯೋಣ

ಬೆಳಗಿನ ಜಾವ ಆಟ ಮುಗಿದ ಮೇಲೆ ಯಕ್ಷಗಾನದ ಚೌಕಿಯೊಳಗೆ ಇಣುಕಿ ನೋಡಿದ್ದೀರಾ? ರಾತ್ರಿಯಿಡೀ ರಂಗಸ್ಥಳವನ್ನು ನಡುಗಿಸಿದ ಕೌರವ ಅಲ್ಲೊಂದು ಪೆಟ್ಟಿಗೆಯ ಮೇಲೆ ಕುಳಿತಿರುತ್ತಾನೆ. ಕಿರೀಟ ಬಿಚ್ಚಿ ಬದಿಗಿಟ್ಟಾಗಿದೆ. ಅಂಗೈಗೆ ತೆಂಗಿನೆಣ್ಣೆ ಸುರಿದುಕೊಂಡು ಮುಖಕ್ಕೆ ತಿಕ್ಕುತ್ತಾನೆ. ಕೆಂಪು, ಕಪ್ಪು, ಬಿಳಿ ಎಲ್ಲ ಕಲಸಿಹೋಗುತ್ತವೆ. ಹಳೆಯ ಬಟ್ಟೆಯಿಂದ ಒರೆಸಿದರೆ ಹಸ್ತಿನಾವತಿಯ ಒಡೆಯ ಮಾಯ! ಅಲ್ಲಿ ಉಳಿಯುವುದು, ತೋಟಕ್ಕೆ ನೀರು ಬಿಡುವುದಿದೆ, ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಒಬ್ಬ ಸಾಮಾನ್ಯ ಮನುಷ್ಯ.

ಹೊನ್ನಾವರ ತಾಲೂಕಿನ ಕರ್ಕಿಯಲ್ಲಿ ಬೆಳೆದ ನನ್ನಂಥವರಿಗೆ ಇದು ಹೊಸ ದೃಶ್ಯವಲ್ಲ. ನಮ್ಮೂರು ದೊಡ್ಡದೇನಲ್ಲ. ಆದರೆ ಯಕ್ಷಗಾನದ ಇತಿಹಾಸದಲ್ಲಿ ಅದರ ಹೆಸರು ದೊಡ್ಡದು. ‘ಹಾಸ್ಯಗಾರ’ ಎಂಬುದನ್ನೇ ಮನೆತನದ ಹೆಸರಾಗಿಸಿಕೊಂಡ ಕಲಾವಿದರ ಊರಿದು. 1842ರಲ್ಲಿ ನಮ್ಮ ಕಡೆಯ ಭಾಗವತ ಮೇಳವೊಂದು ಸಾಂಗ್ಲಿಯ ಅರಸರ ಮುಂದೆ ಆಟ ಆಡಿತು. ಅದನ್ನು ಕಂಡ ಪ್ರೇರಣೆಯಿಂದ ಮರುವರ್ಷ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ರಂಗಕ್ಕೆ ತಂದರು. ಮರಾಠಿ ರಂಗಭೂಮಿ ಅಲ್ಲಿಂದ ಶುರುವಾಯಿತು ಎನ್ನುತ್ತಾರೆ. ಆ ಮೇಳ ಕರ್ಕಿಯದೇ ಎಂದು ಯಕ್ಷಗಾನ ಬಲ್ಲ ಹಿರಿಯರು ಹೇಳುವುದನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ.

ಇಷ್ಟೆಲ್ಲ ಹೇಳಿದ್ದು ಊರಿನ ಹೆಮ್ಮೆಗಾಗಿ ಮಾತ್ರ ಅಲ್ಲ. ನೆಮ್ಮದಿಯಾಗಿ ಬದುಕುವುದು ಹೇಗೆಂದು ತತ್ತ್ವಜ್ಞಾನಿಗಳು ಎರಡು ಸಾವಿರ ವರ್ಷಗಳಿಂದ ಹೇಳುತ್ತಿದ್ದಾರೆ. ಮನಶ್ಶಾಸ್ತ್ರಜ್ಞರು ನೂರು ವರ್ಷಗಳಿಂದ ಅದನ್ನೇ ಪರೀಕ್ಷಿಸಿ ನೋಡುತ್ತಿದ್ದಾರೆ. ಅವರು ಹೇಳುವ ಒಂದು ಮುಖ್ಯ ಪಾಠ ನಮ್ಮ ಚೌಕಿಯಲ್ಲೇ ಸಿಗುತ್ತದೆ ಎಂದು ನನಗೆ ತೋರುತ್ತದೆ. ವೇಷ ಕಟ್ಟುವುದು ಒಂದು ವಿದ್ಯೆ, ಕಳಚುವುದು ಇನ್ನೊಂದು. ಈಗಿನ ಕಾಲದಲ್ಲಿ ನಾವು ಮೊದಲನೆಯದನ್ನು ಚೆನ್ನಾಗಿ ಕಲಿಸುತ್ತೇವೆ, ಎರಡನೆಯದನ್ನು ಕಲಿಸುವುದೇ ಇಲ್ಲ.

ಒಂದೇ ಮನೆಯಲ್ಲಿ ಇಬ್ಬರು

ನಮ್ಮ ನೆರೆಮನೆಯ ಹುಡುಗಿ ಓದಿನಲ್ಲಿ ಯಾವಾಗಲೂ ಮುಂದೆ. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡಾ 97 ಬರುತ್ತದೆಂದು ಮನೆಯವರು, ಶಾಲೆಯವರು, ಕೊನೆಗೆ ಅಂಗಡಿಯವರೂ ಲೆಕ್ಕ ಹಾಕಿದ್ದರು. ಬಂದದ್ದು 89. ಹುಡುಗಿ ಮೂರು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. “ನಾನು ಯಾವುದಕ್ಕೂ ಪ್ರಯೋಜನವಿಲ್ಲ” ಎಂಬುದೊಂದೇ ಮಾತು.

ಅದೇ ಮನೆಯಲ್ಲಿ ಅವಳ ಅಜ್ಜ. ಮೂವತ್ತೈದು ವರ್ಷ ಮೇಷ್ಟ್ರಾಗಿ, ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅವರು ರಸ್ತೆಗಿಳಿದರೆ ಸೈಕಲ್ಲಿನಲ್ಲಿದ್ದ ಹುಡುಗರು ಇಳಿದು ನಿಲ್ಲುತ್ತಿದ್ದ ಕಾಲವೊಂದಿತ್ತು. ಈಗ ಜಗಲಿಯ ಆರಾಮ ಕುರ್ಚಿಯಲ್ಲಿ ಕುಳಿತು, “ನನ್ನನ್ನು ಈಗ ಯಾರು ಕೇಳುತ್ತಾರೆ?” ಎನ್ನುತ್ತಿದ್ದರು.

ಹದಿನಾರರ ಮೊಮ್ಮಗಳು, ಎಪ್ಪತ್ತರ ಅಜ್ಜ. ಇಬ್ಬರ ನೋವೂ ಒಂದೇ ಎಂದು ಅವರಿಗೆ ಹೊಳೆದಿರಲಿಲ್ಲ. ಒಬ್ಬಳ ‘ಮೊದಲ ರ್‍ಯಾಂಕಿನ ಹುಡುಗಿ’ ಎಂಬ ವೇಷ, ಇನ್ನೊಬ್ಬರ ‘ಹೆಡ್‌ಮಾಸ್ಟರ್’ ಎಂಬ ವೇಷ ಕಳಚಿ ಬಿದ್ದಿತ್ತು. ವೇಷ ಹೋದದ್ದಕ್ಕೆ ತಾವೇ ಹೋದೆವೆಂದು ಇಬ್ಬರೂ ತಿಳಿದಿದ್ದರು.

ರಂಗಸ್ಥಳ ಮತ್ತು ಚೌಕಿ

ನಾವೆಲ್ಲ ದಿನವೂ ವೇಷ ಹಾಕುತ್ತೇವೆ ಎಂಬುದನ್ನು ಗಂಭೀರವಾಗಿ ಅಧ್ಯಯನ ಮಾಡಿದವರು ಎರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞ. 1950ರ ದಶಕದಲ್ಲಿ ಅವರು ಬರೆದ ಪುಸ್ತಕದಲ್ಲಿ ಬದುಕನ್ನು ನಾಟಕಕ್ಕೆ ಹೋಲಿಸಿದರು. ಹೋಟೆಲಿನ ಮಾಣಿ ಗಿರಾಕಿಗಳ ಮುಂದೆ ಒಂದು ರೀತಿ, ಅಡುಗೆಮನೆಯ ಬಾಗಿಲು ದಾಟಿದ ಕೂಡಲೇ ಇನ್ನೊಂದು ರೀತಿ. ಎಲ್ಲರಿಗೂ ಒಂದು ರಂಗಸ್ಥಳವಿದೆ, ಅದರ ಹಿಂದೆ ಒಂದು ಚೌಕಿಯಿದೆ. ಇದು ಮೋಸವಲ್ಲ, ಬದುಕಿನ ರೀತಿಯೇ ಹಾಗೆ. ಅಮೆರಿಕದ ವಿಲಿಯಂ ಜೇಮ್ಸ್ ಎಂಬ ಮನಶ್ಶಾಸ್ತ್ರಜ್ಞ 1890ರಷ್ಟು ಹಿಂದೆಯೇ ಇಂಥದ್ದೊಂದು ಮಾತು ಹೇಳಿದ್ದರು: ನಮ್ಮನ್ನು ಎಷ್ಟು ಜನ ಬಲ್ಲರೋ ನಮಗೆ ಅಷ್ಟು ಸಾಮಾಜಿಕ ರೂಪಗಳಿರುತ್ತವೆ.

ಹಿಂದೆ ನಮಗೆ ಚೌಕಿಗಳು ಬೇಕಾದಷ್ಟಿದ್ದವು. ಶಾಲೆಯಲ್ಲಿ ಬೈಸಿಕೊಂಡ ಹುಡುಗ ಮನೆಗೆ ಬರುವಷ್ಟರಲ್ಲಿ ಗದ್ದೆಯ ಹಾಳಿಯ ಮೇಲೆ ಓಡಿ, ಹೊಳೆಗೆ ಕಲ್ಲು ಬೀರಿ ಹಗುರಾಗುತ್ತಿದ್ದ. ಈಗ ಕೈಯಲ್ಲಿ ಫೋನಿದೆ. ಊಟ ಮಾಡಿದರೆ ಫೋಟೊ, ಪ್ರವಾಸ ಹೋದರೆ ಫೋಟೊ, ಫಲಿತಾಂಶ ಬಂದ ಐದು ನಿಮಿಷಕ್ಕೆ ನೆಂಟರ ಗುಂಪಿನಲ್ಲಿ ಎಲ್ಲರ ಮಕ್ಕಳ ಅಂಕ. ರಂಗಸ್ಥಳ ಮಲಗುವ ಕೋಣೆಯವರೆಗೂ ಬಂದುಬಿಟ್ಟಿದೆ. ಬಣ್ಣ ಒರೆಸಲು ಜಾಗವೇ ಇಲ್ಲದಿದ್ದರೆ ಚರ್ಮ ಉರಿಯದೆ ಇನ್ನೇನಾದೀತು?

ಒಂದೇ ಬುಟ್ಟಿಯಲ್ಲಿ ಎಲ್ಲ ಮೊಟ್ಟೆ

1985ರಲ್ಲಿ ಪೆಟ್ರಿಷಿಯಾ ಲಿನ್‌ವಿಲ್ ಎಂಬ ಮನಶ್ಶಾಸ್ತ್ರಜ್ಞೆ ಒಂದು ಕುತೂಹಲದ ಸಂಶೋಧನೆ ಪ್ರಕಟಿಸಿದರು. ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿ ಇಡಬೇಡಿ ಎಂಬ ಗಾದೆಯನ್ನು ಅವರು ಮನಸ್ಸಿಗೆ ಅನ್ವಯಿಸಿದ್ದರು. ತನ್ನನ್ನು ತಾನು ಒಂದೆರಡು ಪಾತ್ರಗಳಲ್ಲೇ ಕಾಣುವವರು ಗೆದ್ದಾಗ ಬಹಳ ಹಿಗ್ಗುತ್ತಾರೆ, ಸೋತಾಗ ಬಹಳ ಕುಗ್ಗುತ್ತಾರೆ. ಹಲವು ಬೇರೆ ಬೇರೆ ಪಾತ್ರಗಳಲ್ಲಿ ತನ್ನನ್ನು ಕಾಣುವವರ ಮನಸ್ಸು ಅಷ್ಟು ಮೇಲೆ ಕೆಳಗೆ ಆಗುವುದಿಲ್ಲ. ಒಂದು ಬುಟ್ಟಿ ಬಿದ್ದರೂ ಉಳಿದ ಬುಟ್ಟಿಗಳು ಇರುತ್ತವಲ್ಲ!

ಯಕ್ಷಗಾನದ ಹಾಸ್ಯಗಾರನನ್ನು ನೆನಪಿಸಿಕೊಳ್ಳಿ. ರಾಜವೇಷದವರು ರಾತ್ರಿಯಿಡೀ ಒಂದೇ ಪಾತ್ರದಲ್ಲಿರಬಹುದು. ಹಾಸ್ಯಗಾರ ಹಾಗಲ್ಲ. ಒಮ್ಮೆ ದೂತ, ಇನ್ನೊಮ್ಮೆ ಬ್ರಾಹ್ಮಣ, ಮತ್ತೊಮ್ಮೆ ಅಂಬಿಗ. ಒಂದು ಮುಗಿಸಿ ಒಳಗೆ ಹೋಗಿ, ರುಮಾಲು ಬದಲಿಸಿ ಇನ್ನೊಂದಾಗಿ ಬರುತ್ತಾನೆ. ಯಾವ ಪಾತ್ರಕ್ಕೂ ಅಂಟಿಕೊಳ್ಳುವುದಿಲ್ಲ. ಹಾಗೆಂದು ಯಾವುದನ್ನೂ ಕಾಟಾಚಾರಕ್ಕೆ ಮಾಡುವುದಿಲ್ಲ.

ಕನ್ನಡದಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ. ವೃತ್ತಿಯಿಂದ ವೈದ್ಯರು. 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಪತ್ರಿಕೆ ಆರಂಭಿಸಿ ನಾಡನ್ನೇ ನಗಿಸಿದರು. ಅದೇ ವ್ಯಕ್ತಿ ಮನಸ್ಸಿನ ಕಾಯಿಲೆಗಳ ಬಗ್ಗೆ ‘ಮನಮಂಥನ’ ಎಂಬ ಗಂಭೀರ ಪುಸ್ತಕ ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಇಂದಿನ ಅಜ್ಜ ಅಜ್ಜಿಯರಲ್ಲಿ ಹಲವರು ಚಿಕ್ಕವರಿದ್ದಾಗ ‘ಕೊರವಂಜಿ’ ಓದಿ ನಕ್ಕಿರಬಹುದು.

‘ನಾನು ಯಾರು?’

ನೆರೆಮನೆಗೆ ಒಂದು ಸಂಜೆ ಹೋದಾಗ ನಾನು ಉಪದೇಶ ಮಾಡಲಿಲ್ಲ. ಎರಡು ಹಾಳೆ, ಎರಡು ಪೆನ್ನು ಕೇಳಿದೆ. ಅಜ್ಜನಿಗೊಂದು, ಮೊಮ್ಮಗಳಿಗೊಂದು ಕೊಟ್ಟು, “‘ನಾನು ಯಾರು?’ ಎಂಬ ಪ್ರಶ್ನೆಗೆ ಇಪ್ಪತ್ತು ಉತ್ತರ ಬರೆಯಿರಿ” ಎಂದೆ. ಇದು ನನ್ನ ಕಲ್ಪನೆಯಲ್ಲ. 1954ರಲ್ಲಿ ಕುನ್ ಮತ್ತು ಮ್ಯಾಕ್‌ಪಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಬಳಕೆಗೆ ತಂದ ಪರೀಕ್ಷೆ. ಇದರಲ್ಲಿ ಸರಿ ತಪ್ಪು ಎಂಬುದಿಲ್ಲ.

ಅಜ್ಜ ಮೊದಲು ಬರೆದದ್ದು ‘ನಿವೃತ್ತ ಮುಖ್ಯೋಪಾಧ್ಯಾಯ’. ಮೊಮ್ಮಗಳು ಬರೆದದ್ದು ‘ಶೇಕಡಾ 89’. ನಾಲ್ಕೈದು ಉತ್ತರದವರೆಗೆ ಇಬ್ಬರೂ ಅಲ್ಲೇ ಸುತ್ತಿದರು. ಆಮೇಲೆ ಪೆನ್ನು ನಿಂತಿತು. ಅದು ನಿಂತ ಮೇಲೆಯೇ ನಿಜವಾದ ಕೆಲಸ ಶುರು. ಹುಡುಗಿ ‘ತಮ್ಮನಿಗೆ ಈಜು ಕಲಿಸಿದವಳು’ ಎಂದು ಬರೆದಳು. ‘ಅಮ್ಮನಿಗಿಂತ ಚೆನ್ನಾಗಿ ತಂಬುಳಿ ಮಾಡುವವಳು’ ಎಂದೂ ಸೇರಿಸಿದಳು. ಅಜ್ಜ ‘ಮಲ್ಲಿಗೆ ಕಸಿ ಬಲ್ಲವನು’, ‘ತಾಳಮದ್ದಳೆಯಲ್ಲಿ ಒಮ್ಮೆ ವಿದುರನ ಅರ್ಥ ಹೇಳಿದವನು’ ಎಂದರು. ಮೊಮ್ಮಗಳು ತಲೆಯೆತ್ತಿ, “ಹೌದಾ ಅಜ್ಜಾ? ನನಗೆ ಹೇಳಲೇ ಇಲ್ಲ” ಎಂದಳು. ಅವಳು ಆ ವಾರದಲ್ಲಿ ತಾನಾಗಿ ಆಡಿದ ಮೊದಲ ಮಾತು ಅದು ಎಂದು ಅವಳ ತಾಯಿ ಆಮೇಲೆ ಹೇಳಿದರು.

ಅಂಕಪಟ್ಟಿ ಬದಲಾಗಲಿಲ್ಲ. ಅಜ್ಜನಿಗೆ ಹೆಡ್‌ಮಾಸ್ಟರ್ ಕುರ್ಚಿ ಮರಳಿ ಬರಲಿಲ್ಲ. ಆದರೆ ಹುಡುಗಿ ಮರುದಿನ ಜಗಲಿಗೆ ಬಂದು ಕುಳಿತಳು. ಕೆಲವು ದಿನಗಳಲ್ಲಿ ಯಾವ ಕಾಲೇಜು, ಯಾವ ವಿಷಯ ಎಂಬ ಚರ್ಚೆ ಅಜ್ಜ ಮೊಮ್ಮಗಳ ನಡುವೆಯೇ ನಡೆಯತೊಡಗಿತು. ಅಷ್ಟೇ ಆದದ್ದು. ಅಷ್ಟು ಸಾಲದೇ?

‘ನಾನು ಯಾರು’ ಎಂಬುದು ನಮಗೆ ಹೊಸ ಪ್ರಶ್ನೆಯೂ ಅಲ್ಲ. ತಿರುವಣ್ಣಾಮಲೈಯ ರಮಣ ಮಹರ್ಷಿಗಳು ಸಾಧನೆಯ ಹಾದಿಯೆಂದು ತೋರಿಸಿದ್ದು ಇದೇ ಪ್ರಶ್ನೆಯನ್ನು. ಉಪನಿಷತ್ತಿನ ಋಷಿಗಳು ‘ಇದಲ್ಲ, ಇದಲ್ಲ’ ಎನ್ನುತ್ತ ಒಂದೊಂದೇ ಹೊದಿಕೆ ತೆಗೆಯುತ್ತ ಹೋದರು. ಮನಶ್ಶಾಸ್ತ್ರ ಬುಟ್ಟಿಗಳನ್ನು ಹೆಚ್ಚಿಸಿಕೊ ಎನ್ನುತ್ತದೆ. ವೇದಾಂತ, ಬುಟ್ಟಿಗಳನ್ನು ಹೊತ್ತವನು ಯಾರೆಂದು ನೋಡು ಎನ್ನುತ್ತದೆ. ಮಕ್ಕಳಿಗೆ ಮೊದಲನೆಯದು ಸಾಕು. ಅಜ್ಜ ಅಜ್ಜಿಯರಿಗೆ ಎರಡನೆಯದಕ್ಕೂ ಈಗ ಪುರುಸೊತ್ತು ಇದೆ.

ಹಾಗಾದರೆ ಅಂಕ ಬೇಡವೇ?

‘ವೇಷ ಕಳಚು ಎಂದರೆ ಮಕ್ಕಳು ಓದುವುದನ್ನೇ ಬಿಟ್ಟಾರು’ ಎಂದು ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರವೂ ಚೌಕಿಯಲ್ಲೇ ಇದೆ. ಬೆಳಗ್ಗೆ ಒರೆಸಿಹೋಗುವ ಬಣ್ಣವೆಂದು ಯಾವ ಕಲಾವಿದನೂ ಅಡ್ಡಾದಿಡ್ಡಿ ಬಳಿದುಕೊಳ್ಳುವುದಿಲ್ಲ. ಕನ್ನಡಿ ಹಿಡಿದು ಒಂದೊಂದೇ ಗೆರೆ ಎಳೆಯುತ್ತಾನೆ. ‘ಗದಾಯುದ್ಧ’ ಪ್ರಸಂಗದಲ್ಲಿ ಕೌರವ ಪ್ರತಿ ಸಲವೂ ಸೋಲುತ್ತಾನೆ. ಅದು ಗೊತ್ತಿದ್ದೂ ಕಲಾವಿದ ಪೂರ್ತಿ ಕಸುವು ಹಾಕಿ ಕುಣಿಯುತ್ತಾನೆ. ಸೋತದ್ದು ಕೌರವ, ಕಲಾವಿದನಲ್ಲ. ಚೆನ್ನಾಗಿ ಸೋತು ತೋರಿಸಿದವನನ್ನು ಜನ ವರ್ಷಗಟ್ಟಲೆ ನೆನೆಯುತ್ತಾರೆ.

ರೋಮಿನಲ್ಲಿ ಗುಲಾಮನಾಗಿ ಬದುಕಿ, ಮುಂದೆ ಗುರುವಾದ ಎಪಿಕ್ಟೆಟಸ್ ಎಂಬ ಕುಂಟ ತತ್ತ್ವಜ್ಞಾನಿಯೂ ಹೀಗೇ ಹೇಳಿದ. ಪಾತ್ರ ಯಾವುದು, ಎಷ್ಟು ಉದ್ದ ಎಂಬುದನ್ನು ನಾಟಕ ಬರೆದವನು ತೀರ್ಮಾನಿಸುತ್ತಾನೆ. ಭಿಕ್ಷುಕನ ಪಾತ್ರ ಬಂದರೂ ಅದನ್ನು ಚೆನ್ನಾಗಿ ಅಭಿನಯಿಸುವುದು ನಮ್ಮ ಕೆಲಸ ಎಂಬುದು ಅವನ ಮಾತಿನ ತಾತ್ಪರ್ಯ. ಕೆಲಸ ನಿನ್ನದು, ಫಲದ ಮೇಲೆ ಹಕ್ಕು ಹೂಡಬೇಡ ಎಂಬ ಗೀತೆಯ ಉಪದೇಶ ಇದರಿಂದ ದೂರವೇನಿಲ್ಲ.

ವೇಷದಿಂದ ಲಾಭವೂ ಇದೆ, ಮಕ್ಕಳೇ. 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಾಲ್ಕು ಮತ್ತು ಆರು ವರ್ಷದ 180 ಮಕ್ಕಳಿಗೆ ಹತ್ತು ನಿಮಿಷದ ಒಂದು ಬೇಸರದ ಕೆಲಸ ಕೊಟ್ಟರು. ಪಕ್ಕದಲ್ಲೇ ಆಟವಾಡಲು ಐಪ್ಯಾಡ್! ತಾನು ಬ್ಯಾಟ್‌ಮನ್ ಎಂದೋ ಇನ್ನಾವುದೋ ಮೆಚ್ಚಿನ ಪಾತ್ರವೆಂದೋ ಭಾವಿಸಿದ ಮಕ್ಕಳು ಉಳಿದವರಿಗಿಂತ ಹೆಚ್ಚು ಹೊತ್ತು ಕೆಲಸದಲ್ಲೇ ಇದ್ದರು. ಗಣಿತ ಬೇಸರ ತಂದರೆ ಸ್ವಲ್ಪ ಹೊತ್ತು ಅಭಿಮನ್ಯುವಾಗಿ ನೋಡಿ.

ಮನೆಯಲ್ಲೇ ಮಾಡಬಹುದಾದದ್ದು

ಈ ವಾರ ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿ ನಾಲ್ಕು ಕೆಲಸ ಮಾಡಿ.

ಒಂದು, ‘ನಾನು ಯಾರು?’ ಎಂಬುದಕ್ಕೆ ಇಪ್ಪತ್ತು ಉತ್ತರ ಬರೆದು ಒಬ್ಬರಿಗೊಬ್ಬರು ಓದಿ ಹೇಳಿ. ಅಂಕ, ಸಂಬಳ, ಹುದ್ದೆ ಇಲ್ಲದ ಉತ್ತರಗಳು ಎಷ್ಟಿವೆ ಎಂದು ಎಣಿಸಿ.

ಎರಡು, ಮನೆಯಲ್ಲಿ ಒಂದು ಚೌಕಿ ಮಾಡಿಕೊಳ್ಳಿ. ಜಗಲಿಯೋ, ಹಿತ್ತಿಲ ಕಟ್ಟೆಯೋ ಆದೀತು. ದಿನಕ್ಕೆ ಅರ್ಧ ಗಂಟೆ ಅಲ್ಲಿ ಫೋನಿಲ್ಲ, ಅಂಕದ ಮಾತಿಲ್ಲ, ಹೋಲಿಕೆಯಿಲ್ಲ.

ಮೂರು, ಸಿಟ್ಟೋ ಭಯವೋ ಬಂದಾಗ ನಿಮ್ಮನ್ನು ನೀವೇ ಹೆಸರು ಹಿಡಿದು ಮಾತಾಡಿಸಿ. ‘ನನಗೇಕೆ ಭಯ?’ ಎನ್ನುವ ಬದಲು ‘ಸುಮಾ, ನಿನಗೇಕೆ ಭಯ?’ ಎಂದು ಕೇಳಿ. ಹೀಗೆ ಮಾಡಿದವರು ಒತ್ತಡವನ್ನು ಹೆಚ್ಚು ಚೆನ್ನಾಗಿ ನಿಭಾಯಿಸಿದರೆಂದು ಈಥನ್ ಕ್ರಾಸ್ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದಾರೆ. ಭಾಗವತರು ದೂರ ಕುಳಿತು ಪಾತ್ರವನ್ನು ನೋಡುವಂತೆ ನಮ್ಮನ್ನು ನಾವು ನೋಡುವ ಉಪಾಯವಿದು.

ನಾಲ್ಕು, ಹೊಸದೊಂದು ಚಿಕ್ಕ ಪಾತ್ರ ಹಿಡಿಯಿರಿ. ಅಜ್ಜಿ ಮೊಮ್ಮಗನಿಂದ ಚದುರಂಗ ಕಲಿಯಲಿ, ಮೊಮ್ಮಗ ಅಜ್ಜಿಯಿಂದ ಹಾಲಕ್ಕಿ ಕೂಗಿನಂಥ ಹಕ್ಕಿಗಳ ದನಿ ಗುರುತಿಸುವುದನ್ನು ಕಲಿಯಲಿ.

ಇವೆಲ್ಲ ಸಾಮಾನ್ಯ ಬೇಸರಕ್ಕೆ. ನಿದ್ದೆ, ಊಟ ಕೆಟ್ಟು ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ ಅಥವಾ ಬದುಕೇ ಬೇಡ ಎಂಬ ಮಾತು ಯಾರ ಬಾಯಿಂದಲಾದರೂ ಬಂದರೆ ಕಾಯಬೇಡಿ. ಅದು ಕಾಯಿಲೆಯಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ ಸಂಖ್ಯೆ 14416. ಕರೆ ಉಚಿತ, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ. ಬರೆಯುವ ಕೆಲಸ ಮೊಮ್ಮಕ್ಕಳಿಗಿರಲಿ, ಅವರ ಅಕ್ಷರ ಅಜ್ಜನಿಗೆ ಕನ್ನಡಕವಿಲ್ಲದೆಯೂ ಕಾಣುವಂತಿರಲಿ.