‘ಒಂದು ತುತ್ತಿಗೆ ಏನಾಗುತ್ತೆ?’: ಮನೆಯಲ್ಲಿ ಸೆಲಿಯಾಕ್ ಇದ್ದರೆ ಅಡುಗೆಮನೆ ಹೇಗೆ ಬದಲಾಗಬೇಕು

ಇವತ್ತಿನ ವಿಷಯ ನಮ್ಮನೆಯದೇ. ತಂಗಿಗೂ ಅಪ್ಪನಿಗೂ ಸೆಲಿಯಾಕ್ ಕಾಯಿಲೆ ಇದೆ. ಅಂದ್ರೆ ಗೋಧಿ ಅವರಿಬ್ಬರಿಗೂ ಆಗಲ್ಲ. ಇದನ್ನ ಹೇಳಿದ ತಕ್ಷಣ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: “ಒಂದು ತುತ್ತು ತಿಂದ್ರೆ ಏನಾಗುತ್ತೆ?” ಇವತ್ತಿನ ಇಡೀ ಎಪಿಸೋಡ್ ಆ ಪ್ರಶ್ನೆಗೆ ಉತ್ತರ.

ಗೊತ್ತಾಗಿದ್ದು ಹೇಗೆ?

ತಂಗಿಗೆ ಆಗ 19 ವರ್ಷ, ಬೆಂಗಳೂರಲ್ಲಿ ಪಿಜಿಯಲ್ಲಿದ್ದಳು. ಯಾವಾಗ ಫೋನ್ ಮಾಡಿದ್ರೂ ಸುಸ್ತು ಅನ್ನೋಳು. ರಕ್ತ ಪರೀಕ್ಷೆ ಮಾಡಿಸಿದ್ರೆ ಹಿಮೋಗ್ಲೋಬಿನ್ 7. ಕಬ್ಬಿಣದ ಮಾತ್ರೆ ಕೊಟ್ರು. ಮೂರು ತಿಂಗಳು ನುಂಗಿದ ಮೇಲೂ ಅಷ್ಟೇ. ಮತ್ತೆ ಮಾತ್ರೆ, ಮತ್ತೆ ಅಷ್ಟೇ. “ನೀನು ಸರಿಯಾಗಿ ಊಟ ಮಾಡಲ್ಲ, ಬರೀ ಮೊಬೈಲು” ಅಂತ ಮನೆಯವರೆಲ್ಲ ಬೈದ್ವಿ. ನಾನೂ ಬೈದಿದ್ದೀನಿ.

ನಿಜ ಏನಂದ್ರೆ ಅವಳು ಊಟ ಮಾಡ್ತಾನೇ ಇದ್ದಳು. ಪಿಜಿಯಲ್ಲಿ ಬೆಳಗ್ಗೆ ಉಪ್ಪಿಟ್ಟು, ರಾತ್ರಿ ಚಪಾತಿ. ಅದೇ ಅವಳ ಕರುಳನ್ನ ಹಾಳು ಮಾಡ್ತಾ ಇತ್ತು. ಕೊನೆಗೆ ಒಬ್ಬ ವೈದ್ಯರು ಕಬ್ಬಿಣ ಯಾಕೆ ಮೈಗೆ ಹತ್ತುತ್ತಿಲ್ಲ ಅಂತ ಯೋಚಿಸಿ ಟಿಟಿಜಿ-ಐಜಿಎ ಅನ್ನೋ ರಕ್ತ ಪರೀಕ್ಷೆ ಬರೆದುಕೊಟ್ರು. ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ಚೂರು ತೆಗೆದು ನೋಡಿದಾಗ ಖಚಿತ ಆಯ್ತು.

ಅಷ್ಟಕ್ಕೇ ಮುಗೀಲಿಲ್ಲ. “ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ” ಅಂದ್ರು. ಸೆಲಿಯಾಕ್ ಇರುವವರ ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ಶೇ. 7ರಿಂದ 8ರಷ್ಟು ಜನಕ್ಕೆ ಇದೇ ಕಾಯಿಲೆ ಇರುತ್ತೆ. ನನಗೆ, ಅಮ್ಮನಿಗೆ ಇರಲಿಲ್ಲ. ಯಾವ ತೊಂದರೆಯೂ ಇಲ್ಲದೆ ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದ್ದ ಅಪ್ಪನಿಗೆ ಇತ್ತು.

ಒಳಗೆ ಏನು ನಡೆಯುತ್ತೆ?

ಗೋಧಿ, ಬಾರ್ಲಿ, ರೈ ಈ ಮೂರು ಧಾನ್ಯಗಳಲ್ಲಿ ಇರುವ ಪ್ರೋಟೀನ್‌ಗಳ ಗುಂಪಿಗೆ ಸಾಮಾನ್ಯವಾಗಿ ಗ್ಲುಟೆನ್ ಅಂತಾರೆ. ಚಪಾತಿ ಹಿಟ್ಟು ಎಳೆದ್ರೆ ಹಿಗ್ಗುತ್ತಲ್ಲ, ಆ ಜಿಗುಟು ಇದರದ್ದೇ. ಈ ಪ್ರೋಟೀನ್ ಯಾರ ಹೊಟ್ಟೆಯಲ್ಲೂ ಪೂರ್ತಿ ಜೀರ್ಣ ಆಗಲ್ಲ, ಸ್ವಲ್ಪ ಉಳಿಯುತ್ತೆ. ಹೆಚ್ಚಿನವರಿಗೆ ಅದರಿಂದ ತೊಂದರೆ ಇಲ್ಲ. ಸೆಲಿಯಾಕ್ ಇರುವವರಲ್ಲಿ ಮಾತ್ರ ದೇಹದ ರೋಗನಿರೋಧಕ ವ್ಯವಸ್ಥೆ ಅದನ್ನ ಶತ್ರು ಅಂದುಕೊಂಡು ತನ್ನದೇ ಕರುಳಿನ ಮೇಲೆ ದಾಳಿ ಮಾಡುತ್ತೆ.

ಸಣ್ಣ ಕರುಳಿನ ಒಳಗೋಡೆಯಲ್ಲಿ ಟವೆಲ್ಲಿನ ನವಿರು ಎಳೆಗಳ ಥರ ಲಕ್ಷಾಂತರ ಎಳೆಗಳಿವೆ. ಆಹಾರದ ಸತ್ವ ಹೀರೋದು ಅವೇ. ದಾಳಿಯಲ್ಲಿ ಅವು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ತಿಂದ್ರೂ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಒಳಗೆ ಹೋಗಲ್ಲ. ಹಾಗಾಗಿ ಲಕ್ಷಣ ಅಂದ್ರೆ ಬರೀ ಭೇದಿ, ಹೊಟ್ಟೆ ಉಬ್ಬರ ಅಲ್ಲ. ಮಾತ್ರೆಗೆ ಬಗ್ಗದ ರಕ್ತಹೀನತೆ, ಮಕ್ಕಳು ಎತ್ತರ ಬೆಳೆಯದೇ ಇರೋದು, ಪದೇ ಪದೇ ಬಾಯಿ ಹುಣ್ಣು, ಮೂಳೆ ಸವೆತ, ಗರ್ಭ ನಿಲ್ಲದೇ ಇರೋದು ಕೂಡ ಲಕ್ಷಣ ಆಗಿರಬಹುದು. ಅಪ್ಪನ ಥರ ಏನೂ ಗೊತ್ತಾಗದೇನೂ ಇರಬಹುದು.

ಇದಕ್ಕೆ ಔಷಧಿ ಇಲ್ಲ, ಇರೋದು ಪಥ್ಯ ಮಾತ್ರ. ಅದನ್ನ ಮೊದಲು ಕಂಡುಕೊಂಡಿದ್ದು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಗೋಧಿ ಬಗ್ಗೆ ಅವರಿಗೆ ಮೊದಲೇ ಅನುಮಾನ ಇತ್ತು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಅಲ್ಲಿ ಭೀಕರ ಬರ ಬಂತು, ಬ್ರೆಡ್ ಸಿಗದಂಗಾಯ್ತು. ಊರೆಲ್ಲ ಹಸಿವಿನಿಂದ ಸೊರಗ್ತಾ ಇದ್ರೆ ಸೆಲಿಯಾಕ್ ಇದ್ದ ಮಕ್ಕಳು ಸುಧಾರಿಸಿಕೊಂಡ್ರು. ಬ್ರೆಡ್ ವಾಪಸ್ ಬಂದಾಗ ಮತ್ತೆ ಕಾಯಿಲೆ ಬಿದ್ರು. ತಮ್ಮ ಕೆಲಸವನ್ನ ಡಿಕೆ 1950ರಲ್ಲಿ ಪ್ರಬಂಧವಾಗಿ ಮಂಡಿಸಿದ್ರು.

ನಮ್ಮ ಕಡೆ ಯಾರಿಗೂ ಅನುಮಾನ ಯಾಕೆ ಬರಲ್ಲ?

ಇದು ಉತ್ತರ ಭಾರತದ ಕಾಯಿಲೆ ಅನ್ನೋ ನಂಬಿಕೆ ಇದೆ. ಅದು ಪೂರ್ತಿ ಸುಳ್ಳೂ ಅಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷೆ ಮಾಡಿದ್ರು. ಸೆಲಿಯಾಕ್ ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23 ಜನರಲ್ಲಿ ಸಿಕ್ಕರೆ, ದಕ್ಷಿಣದಲ್ಲಿ ಶೇ. 0.10 ಜನರಲ್ಲಿ ಮಾತ್ರ.

ಆದ್ರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಈ ಕಾಯಿಲೆಗೆ ಬೇಕಾದ ಎಚ್‌ಎಲ್‌ಎ ಜೀನ್‌ಗಳು ಮೂರೂ ಕಡೆ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿದ್ವು. ದೊಡ್ಡ ವ್ಯತ್ಯಾಸ ಇದ್ದಿದ್ದು ತಟ್ಟೆಯಲ್ಲಿ. ಉತ್ತರದಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ದಕ್ಷಿಣದಲ್ಲಿ 25 ಗ್ರಾಂ. ಅಂದ್ರೆ ಜೀನ್ ನಮ್ಮಲ್ಲೂ ಇದೆ, ಅಷ್ಟು ಗೋಧಿ ಇರಲಿಲ್ಲ ಅಷ್ಟೇ.

ಈಗ ನಿಮ್ಮ ನಿನ್ನೆಯ ಊಟ ನೆನಪು ಮಾಡ್ಕೊಳ್ಳಿ. ಚೌಚೌ ಬಾತ್, ಪರೋಟ, ನೂಡಲ್ಸ್, ಬಿಸ್ಕತ್ತು, ಗೋಬಿ ಮಂಚೂರಿ. ನಮ್ಮ ರವೆ ಇಡ್ಲಿನೇ ತಗೊಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಕೊರತೆ ಆದಾಗ ಅದನ್ನ ಮಾಡೋಕೆ ಶುರು ಮಾಡಿದ್ದು ಅಂತ ಎಂಟಿಆರ್‌ನವರು ಹೇಳ್ತಾರೆ. ಅಲ್ಲಿ ಯುದ್ಧದಿಂದ ಗೋಧಿ ತಟ್ಟೆಯಿಂದ ಹೋಯ್ತು, ಇಲ್ಲಿ ತಟ್ಟೆಗೆ ಬಂತು.

‘ಸ್ವಲ್ಪ’ ಅಂದ್ರೆ ಎಷ್ಟು?

ಒಂದು ಚಪಾತಿಯಲ್ಲಿ ಅಂದಾಜು 3 ಗ್ರಾಂ, ಅಂದ್ರೆ 3000 ಮಿಲಿಗ್ರಾಂ ಗ್ಲುಟೆನ್ ಇರುತ್ತೆ ಅಂದ್ಕೊಳ್ಳಿ. ಸೆಲಿಯಾಕ್ ಇರುವವರು ದಿನಕ್ಕೆ ಬರೀ 50 ಮಿಲಿಗ್ರಾಂನಂತೆ ಮೂರು ತಿಂಗಳು ತಿಂದ್ರೂ ಕರುಳಿಗೆ ಹಾನಿ ಆಗುತ್ತೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಒಂದು ಚಪಾತಿಯನ್ನ 60 ಚೂರು ಮಾಡಿ. ಅದರಲ್ಲಿ ಒಂದು ಚೂರು, ಅಷ್ಟೇ. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ರೆ ಹೆಚ್ಚಿನವರಿಗೆ ಪರವಾಗಿಲ್ಲ ಅನ್ನೋದು ಸಾಮಾನ್ಯ ಲೆಕ್ಕ.

ಅದಕ್ಕೇ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ‘ಗ್ಲುಟೆನ್ ಫ್ರೀ’ ಅಂತ ಬರೀಬೇಕಾದ್ರೆ ಒಂದು ಕೆಜಿ ಆಹಾರದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು. ‘ಲೋ ಗ್ಲುಟೆನ್’ ಅಂತ ಬರೆದಿದ್ರೆ 100 ಮಿಲಿಗ್ರಾಂವರೆಗೂ ಇರಬಹುದು. ಎರಡೂ ಒಂದೇ ಅಲ್ಲ, ನೋಡಿ ತಗೊಳ್ಳಿ.

ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡಿರೋ ಗೋಧಿ

ಕನ್ನಡದ ಮನೆಯಲ್ಲಿ ಹುಟ್ಟಿದ್ದಕ್ಕೆ ಒಂದು ಅದೃಷ್ಟ ಇದೆ. ಅನ್ನ, ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ನೀರು ದೋಸೆ, ಕಡುಬು, ಒತ್ತು ಶಾವಿಗೆ, ಅವಲಕ್ಕಿ. ಸಜ್ಜೆ, ನವಣೆ, ಸಾಮೆ, ಮೆಕ್ಕೆಜೋಳ, ಬೇಳೆಕಾಳು. ಇವು ಯಾವುದರಲ್ಲೂ ಹುಟ್ಟಾ ಗ್ಲುಟೆನ್ ಇಲ್ಲ. ದುಬಾರಿ ಪ್ಯಾಕೆಟ್ ಹಿಟ್ಟು ತರಲೇಬೇಕು ಅಂತೇನಿಲ್ಲ. ಕಷ್ಟ ಇರೋದು ಬೇರೆ ಕಡೆ.

ಮೊದಲನೇದು ಗಿರಣಿ. ನಮ್ಮ ರಾಗಿಗಿಂತ ಮುಂಚೆ ಅದೇ ಕಲ್ಲಿನಲ್ಲಿ ಯಾರದೋ ಗೋಧಿ ಬೀಸಿರ್ತಾರೆ. ಬೆಳಗ್ಗೆ ಮೊದಲಿಗರಾಗಿ ಹೋದ್ರೂ ನಿನ್ನೆಯ ಹಿಟ್ಟು ಕಲ್ಲಿನಲ್ಲಿ ಇದ್ದೇ ಇರುತ್ತೆ. ನಾವೀಗ ರಾಗಿ, ಜೋಳ ಆರಿಸಿ, ತೊಳೆದು, ಒಣಗಿಸಿ ಮನೆಯಲ್ಲೇ ಬೀಸ್ಕೊತೀವಿ.

ಎರಡನೇದು ಇಂಗು. ಅಂಗಡಿಯಲ್ಲಿ ಸಿಗೋದು ಬಹುತೇಕ ಕೂಟು ಇಂಗು. ಅದರಲ್ಲಿ ಹಿಟ್ಟು ಬೆರೆಸಿರ್ತಾರೆ, ಎಷ್ಟೋ ಸಲ ಅದು ಗೋಧಿ ಹಿಟ್ಟು ಅಥವಾ ಮೈದಾ. ಇಂಗು ಇದ್ದ ಮೇಲೆ ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ ಎಲ್ಲವೂ ಅನುಮಾನದ ಪಟ್ಟಿಗೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತೆ, ಡಬ್ಬಿ ತಿರುಗಿಸಿ ಓದಿ.

ಇನ್ನು ಸೋಯಾ ಸಾಸ್, ಬಾರ್ಲಿ ಸೇರಿದ ಮಾಲ್ಟ್ ಪುಡಿಗಳು, ರವೆ-ಮೈದಾ ಹಾಕಿದ ನಿಪ್ಪಟ್ಟು, ಕೋಡುಬಳೆ, ಮದ್ದೂರು ವಡೆ. ಓಟ್ಸ್ ಕೂಡ ಗೋಧಿ ಬೆರೆತೇ ಬರೋದು ಹೆಚ್ಚು. ಖಪ್ಲಿ ಗೋಧಿ ಹಳೇ ಕಾಲದ್ದು, ಒಳ್ಳೇದು ಅಂತ ಯಾರಾದ್ರೂ ಹೇಳಿದ್ರೆ, ಅದೂ ಗೋಧಿನೇ ಅಂತ ನೆನಪಿಡಿ.

ಪಾತ್ರೆ ವಿಷಯಕ್ಕೆ ಬಂದ್ರೆ, ಸ್ಟೀಲ್ ಚೆನ್ನಾಗಿ ತೊಳೆದ್ರೆ ಸಾಕು. ಮರದ ಲಟ್ಟಣಿಗೆ, ಮಣೆ, ಜರಡಿಯ ಸಂದಿಗಳಲ್ಲಿ ಹಿಟ್ಟು ಉಳಿಯುತ್ತೆ, ಅವು ಬೇರೆನೇ ಬೇಕು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರೀಬಾರದು. ಮೊದಲು ನಾವು ಎರಡು ಥರ ಅಡುಗೆ ಮಾಡಿ ನೋಡಿದ್ವಿ. ನಾಲ್ಕು ತಿಂಗಳಿಗೆ ಅಮ್ಮ ಸುಸ್ತಾಗಿಬಿಟ್ಟಳು. ಈಗ ಮನೆಗೆ ಗೋಧಿ ತರೋದೇ ಇಲ್ಲ. ನನಗೆ ಚಪಾತಿ ಬೇಕಾದ್ರೆ ಹೊರಗೆ ತಿನ್ನೋದು.

ಪಿಜಿ, ಹೋಟೆಲ್, ಮದುವೆ ಮನೆ

ತಂಗಿ ಈಗ ಹೋಟೆಲಿನಲ್ಲಿ “ಗ್ಲುಟೆನ್ ಇದೆಯಾ?” ಅಂತ ಕೇಳಲ್ಲ, ಆ ಪದ ಹೆಚ್ಚಿನವರಿಗೆ ಗೊತ್ತಿರಲ್ಲ. “ಗೋಧಿ, ಮೈದಾ, ರವೆ ಏನಾದ್ರೂ ಹಾಕಿದ್ದೀರಾ? ಇದೇ ಕಾವಲಿಯಲ್ಲಿ ರವೆ ದೋಸೆ ಹುಯ್ತೀರಾ? ರೊಟ್ಟಿಗೆ ಗೋಧಿ ಹಿಟ್ಟು ಬೆರೆಸ್ತೀರಾ?” ಅಂತ ಕೇಳ್ತಾಳೆ. ಉತ್ತರದಲ್ಲಿ ತಡವರಿಕೆ ಕಂಡ್ರೆ ಬಾಳೆಹಣ್ಣು, ಮೊಸರು ತಗೊಂಡು ಹೊರಡ್ತಾಳೆ. ರೂಮಿನಲ್ಲಿ ಒಂದು ಸಣ್ಣ ಕುಕ್ಕರ್ ಇದೆ, ಬ್ಯಾಗಲ್ಲಿ ಸದಾ ಕಡಲೆಬೀಜ ಇರುತ್ತೆ. ಔಷಧಿ ಅಂಗಡಿಯಲ್ಲೂ ಮಾತ್ರೆಗೆ ಗೋಧಿ ಪಿಷ್ಟ ಹಾಕಿದ್ದಾರಾ ಅಂತ ಕೇಳೋದು ರೂಢಿ ಆಗಿದೆ.

ಇಷ್ಟೆಲ್ಲ ಕೇಳಿ “ನಾನೂ ನಾಳೆಯಿಂದ ಗೋಧಿ ಬಿಡ್ತೀನಿ” ಅಂತ ಹೊರಟಿದ್ರೆ ಸ್ವಲ್ಪ ನಿಲ್ಲಿ. ಅನುಮಾನ ಇದ್ರೆ ಮೊದಲು ವೈದ್ಯರ ಹತ್ರ ಹೋಗಿ ಪರೀಕ್ಷೆ ಮಾಡಿಸಿ, ಅಲ್ಲಿವರೆಗೂ ಗೋಧಿ ತಿಂತಾನೇ ಇರಿ. ಬಿಟ್ಟುಬಿಟ್ರೆ ಪ್ರತಿಕಾಯಗಳು ಇಳಿದು, ಕಾಯಿಲೆ ಇದ್ರೂ ವರದಿಯಲ್ಲಿ ಕಾಣದೇ ಹೋಗಬಹುದು. ಖಚಿತ ಆದಮೇಲೆ ಬಿಡೋದು ಜೀವನಪೂರ್ತಿಗೆ. ತೂಕ ಇಳಿಸೋ ಫ್ಯಾಷನ್ ಅಲ್ಲ ಇದು.

ಅಪ್ಪನ ಕಥೆ

ತಂಗಿಗೆ ಪಥ್ಯ ಸುಲಭ ಆಯ್ತು, ಯಾಕಂದ್ರೆ ತಪ್ಪಿದ್ರೆ ಅವಳಿಗೆ ಎರಡು ದಿನ ಹೊಟ್ಟೆನೋವು. ಹಿಮೋಗ್ಲೋಬಿನ್ ಒಂದು ವರ್ಷದಲ್ಲಿ 12ಕ್ಕೆ ಬಂತು. ಅಪ್ಪನಿಗೆ ಏನೂ ಆಗಲ್ಲ. ಅದೇ ಕಷ್ಟ. ಮದುವೆ ಮನೆಯಲ್ಲಿ ಎಲೆ ತುದಿಗೆ ಹೋಳಿಗೆ ಬಿದ್ರೆ, “ಬಡಿಸಿದವರಿಗೆ ಬೇಜಾರಾಗುತ್ತೆ” ಅಂತ ಅರ್ಧ ತಿನ್ನೋರು. ನಾವು ನೋಡ್ತಿಲ್ಲ ಅಂದ್ಕೊಂಡು.

ಒಂದು ವರ್ಷ ಆದಮೇಲೆ ಇಬ್ಬರಿಗೂ ಮತ್ತೆ ಟಿಟಿಜಿ ಪರೀಕ್ಷೆ. ತಂಗಿಯದ್ದು ಮಾಮೂಲಿ ಮಟ್ಟಕ್ಕೆ ಬಂದಿತ್ತು. ಅಪ್ಪನದ್ದು ಇಳಿದೇ ಇರಲಿಲ್ಲ. ಮೂಳೆ ಸಾಂದ್ರತೆಯ ಪರೀಕ್ಷೆಯಲ್ಲಿ ಮೂಳೆ ಸವೆದಿರೋದೂ ಕಾಣಿಸ್ತು. ಬೈಯೋಕೆ ಅಂತ ಅಮ್ಮ ಬಾಯಿ ತೆಗೆಯೋಷ್ಟರಲ್ಲಿ ಅಪ್ಪನೇ, “ಅರ್ಧ ಹೋಳಿಗೆ ಲೆಕ್ಕಕ್ಕಿಲ್ಲ ಅಂದ್ಕೊಂಡಿದ್ದೆ” ಅಂದ್ರು.

ಆಮೇಲೆ ಮನೆಯಲ್ಲಿ ಸತ್ಯನಾರಾಯಣ ಪೂಜೆ ಬಂತು. ಪ್ರಸಾದ ಅಂದ್ರೆ ರವೆಯ ಸಪಾದ ಭಕ್ಷ್ಯ. ಬೇಡ ಅನ್ನೋಕೆ ಅಪ್ಪನಿಗೆ ಬಾಯಿ ಬರ್ತಿಲ್ಲ, ಮಾಡೋಕೆ ಅಮ್ಮನಿಗೆ ಮನಸ್ಸಿಲ್ಲ. ಮೂಲೆಯಲ್ಲಿ ಹೂ ಕಟ್ತಾ ಕೂತಿದ್ದ ಅಜ್ಜಿ, “ಅಕ್ಕಿ ತರಿಯಲ್ಲಿ ಮಾಡ್ರೇ, ದೇವರೇನು ಪ್ಯಾಕೆಟ್ ಓದ್ತಾನಾ?” ಅಂದ್ರು. ಹಾಗೇ ಮಾಡಿದ್ವಿ. ಅವತ್ತು ಬಂದ ನಲವತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಅಪ್ಪ ಎರಡು ಸಲ ಹಾಕಿಸ್ಕೊಂಡ್ರು.

ನಿಮ್ಮ ಗೆಳೆಯರೋ, ರೂಮ್‌ಮೇಟೋ “ನನಗೆ ಗೋಧಿ ಆಗಲ್ಲ” ಅಂದ್ರೆ ಒತ್ತಾಯ ಮಾಡಬೇಡಿ. ಮುಂದಿನ ಸಲ ಅವರಿಗೂ ಆಗೋದನ್ನೇ ಎಲ್ಲರಿಗೂ ತರಿಸಿ. ಮಾತ್ರೆಗೆ ಬಗ್ಗದ ರಕ್ತಹೀನತೆ ಮನೆಯಲ್ಲಿ ಯಾರಿಗಾದ್ರೂ ಇದ್ರೆ, ಸೆಲಿಯಾಕ್ ಪರೀಕ್ಷೆ ಬೇಕಾ ಅಂತ ವೈದ್ಯರನ್ನ ಒಮ್ಮೆ ಕೇಳಿ.