ಫೆರೆಟ್ಟಿನ ಊಟಕ್ಕಾಗಿ ಮನೆಯಲ್ಲಿ ಇಲಿಸಾಕಣೆ

ಮನೆಯಲ್ಲಿ ಒಂದು ಪ್ರಾಣಿಯನ್ನು ಸಾಕಬೇಕೆಂದು ಮನಸ್ಸು ಮಾಡಿದವರು ಮೊದಲು ವಿಚಾರಿಸತಕ್ಕದ್ದು ಅದರ ಊಟದ ಮಾತನ್ನು. ಹಸುವಿಗೆ ಹುಲ್ಲು, ಗಿಳಿಗೆ ಕಾಳುಹಣ್ಣು, ನಾಯಿಗೆ ಮನೆಯವರು ಉಂಡು ಮಿಕ್ಕ ಅನ್ನ ಎಂಬುದು ನಮ್ಮಲ್ಲಿ ರೂಢಿ. ಆದರೆ ಮಾಂಸವನ್ನಲ್ಲದೆ ಬೇರೊಂದನ್ನು ನಂಬಿ ಬದುಕಲಾರದ ಸಾಕುಪ್ರಾಣಿಗಳೂ ಜಗತ್ತಿನಲ್ಲಿ ಉಂಟು. ಇಂಗ್ಲೆಂಡು, ಅಮೆರಿಕಾ ಮುಂತಾದ ದೇಶಗಳ ಮನೆಗಳಲ್ಲಿ ಮುದ್ದಿನಿಂದ ಸಾಕುವ ಫೆರೆಟ್ ಎಂಬುದು ಅಂಥದೊಂದು. ಅದರ ಹೊಟ್ಟೆ ತುಂಬಿಸುವುದಕ್ಕಾಗಿ ಅಲ್ಲಿನ ಕೆಲವರು ಮನೆಯಲ್ಲಿಯೇ ಇಲಿಗಳನ್ನು ಸಾಕಿ, ಮರಿಮಾಡಿಸಿ ಬೆಳೆಸುತ್ತಾರೆ. ಒಂದು ಜೀವದ ಮೇಲಣ ಪ್ರೀತಿಗಾಗಿ ಇನ್ನೊಂದು ಜೀವವನ್ನು ಬೆಳೆಸಿ ಕೊಡುವ ಈ ಗೃಹಕೃತ್ಯವು ಹೇಗೆ ನಡೆಯುವುದು, ಅದರ ಲೆಕ್ಕಾಚಾರವೇನು, ಅದನ್ನು ಕೈಗೊಂಡವರ ಮೇಲೆ ಬೀಳುವ ಹೊಣೆಯೇನು ಎಂಬುದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಫೆರೆಟ್ ಎಂಬ ಪ್ರಾಣಿ

ನೋಡುವುದಕ್ಕೆ ಇದು ನಮ್ಮ ಮುಂಗುಸಿಯನ್ನು ನೆನಪಿಗೆ ತರುವುದು. ನೀಳವಾದ ದೇಹ, ಗಿಡ್ಡ ಕಾಲುಗಳು, ಚೂಪಾದ ಮೂತಿ, ಕಂಡ ಕಂಡ ಬಿಲದೊಳಕ್ಕೆ ತಲೆ ತೂರಿಸುವ ಕುತೂಹಲ. ಆದರೆ ಮುಂಗುಸಿಯ ಕುಲವೇ ಬೇರೆ. ಫೆರೆಟ್ಟು ನೀರುನಾಯಿಯ ಬಳಗಕ್ಕೆ ಸೇರಿದುದು. ಯೂರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಪಳಗಿಸಿದುದರಿಂದ ಈ ತಳಿ ಹುಟ್ಟಿತು. ಎರಡು ಸಾವಿರ ವರ್ಷಗಳ ಹಿಂದೆಯೇ ಗ್ರೀಕ್ ಭೂಗೋಳಕಾರನಾದ ಸ್ಟ್ರಾಬೋ, ಮೊಲಗಳ ಕಾಟವನ್ನು ಅಡಗಿಸುವುದಕ್ಕೆ ಬಿಲದೊಳಗೆ ಬಿಡುತ್ತಿದ್ದ ಇಂಥ ಪ್ರಾಣಿಗಳ ವಿಷಯವನ್ನು ಬರೆದಿದ್ದಾನೆ. ಹೆಣ್ಣು 600ರಿಂದ 900 ಗ್ರಾಂ, ಗಂಡು 1ರಿಂದ 2 ಕಿಲೋಗ್ರಾಂ ತೂಗುವುದು.

ವೈದ್ಯಶಾಸ್ತ್ರಕ್ಕೂ ಇದರ ಉಪಕಾರ ದೊಡ್ಡದು. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳಾದ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್, ಪ್ಯಾಟ್ರಿಕ್ ಲೇಡ್ಲಾ ಎಂಬ ಮೂವರು ಮನುಷ್ಯರ ಇನ್‌ಫ್ಲುಯೆಂಜಾ ಜ್ವರಕ್ಕೆ ವೈರಸ್ಸೇ ಕಾರಣವೆಂಬುದನ್ನು ಫೆರೆಟ್ಟುಗಳ ಮೂಲಕವೇ ತೋರಿಸಿಕೊಟ್ಟರು. ಆ ಪ್ರಯೋಗಗಳಲ್ಲಿ ಒಂದು ಫೆರೆಟ್ಟು ಸ್ಮಿತ್ತರ ಮುಖಕ್ಕೆ ಸೀನಲು, ಅವರಿಗೂ ಜ್ವರ ಬಂದಿತು. ಆದುದರಿಂದ ಮನೆಯಲ್ಲಿ ಶೀತಜ್ವರದವರು ಇದ್ದರೆ ಫೆರೆಟ್ಟಿನ ಹತ್ತಿರ ಸುಳಿಯಬಾರದೆಂಬುದು ಸಾಕುವವರ ಮೊದಲ ಪಾಠ.

ಇದನ್ನು ಎಲ್ಲೆಡೆಯೂ ಸಾಕಲು ಅನುಮತಿಯಿಲ್ಲ. ಅಮೆರಿಕಾದಲ್ಲಿ ಕ್ಯಾಲಿಫೋರ್ನಿಯಾ, ಹವಾಯಿ ಸಂಸ್ಥಾನಗಳು ಇದನ್ನು ನಿಷೇಧಿಸಿವೆ. ನ್ಯೂಜಿಲೆಂಡಿನಲ್ಲಿ 1880ರ ದಶಕದಲ್ಲಿ ಮೊಲಗಳನ್ನು ಅಡಗಿಸಲೆಂದು ಬಿಟ್ಟ ಫೆರೆಟ್ಟುಗಳು ಕಾಡುಬಿದ್ದು, ಹಾರಲಾರದ ಕಿವಿ ಪಕ್ಷಿಗಳಿಗೆ ಮೃತ್ಯುವಾದುವು. 2002ರಿಂದ ಅಲ್ಲಿ ಇವುಗಳ ಮಾರಾಟವೂ ಸಾಕಣೆಯೂ ನಿಂತಿವೆ.

ಇಲಿಯೇ ಏತಕ್ಕೆ?

ಫೆರೆಟ್ಟಿನ ಕರುಳು ಬಹಳ ಗಿಡ್ಡ. ನಾರನ್ನು ಕೊಳೆಯಿಸಿ ಸಾರವನ್ನು ತೆಗೆಯುವ ಅಂಧಾಂತ್ರ ಅದಕ್ಕೆ ಇಲ್ಲವೇ ಇಲ್ಲ. ತಿಂದ ಆಹಾರವು ಮೂರು ನಾಲ್ಕು ಗಂಟೆಗಳಲ್ಲಿ ಹೊರಬೀಳುವುದು. ಆದಕಾರಣ ಅದು ದಿನಕ್ಕೆ ಅನೇಕ ಬಾರಿ ಸ್ವಲ್ಪ ಸ್ವಲ್ಪವಾಗಿ ತಿನ್ನಬೇಕು. ತಿಂದದ್ದರಲ್ಲಿ ಪ್ರೋಟೀನೂ ಕೊಬ್ಬೂ ಹೆಚ್ಚಾಗಿರಬೇಕು. ಹಿಟ್ಟು, ಸಕ್ಕರೆಗಳು ಅತ್ಯಲ್ಪವಾಗಿರಬೇಕು. ಹಿಂದೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಾಲಿನಲ್ಲಿ ನೆನಸಿದ ರೊಟ್ಟಿಯನ್ನು ಹಾಕಿ ಸಾಕುವ ರೂಢಿಯಿದ್ದಿತು. ಅಗ್ಗವೆಂಬುದೊಂದನ್ನು ಬಿಟ್ಟರೆ ಅದರಲ್ಲಿ ಗುಣವೇನೂ ಇರಲಿಲ್ಲ. ಪ್ರಾಣಿಗಳು ಭೇದಿಯಿಂದ ಬಳಲಿ ಕೃಶವಾಗುತ್ತಿದ್ದುವು.

ಹಾಗೆಂದು ಬರಿಯ ಮಾಂಸಖಂಡವೂ ಸಾಲದು. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಎಲುಬಿಲ್ಲದ ಮಾಂಸವನ್ನೇ ತಿಂದು ಬೆಳೆದ ಮರಿಯ ಮೂಳೆಗಳು ಮೆತ್ತಗಾಗುವುವು. ಇಲಿಯನ್ನು ಇಡಿಯಾಗಿ ತಿಂದಾಗ ಮಾಂಸದೊಡನೆ ಎಲುಬಿನ ಸುಣ್ಣ, ಪಿತ್ತಕೋಶದ ಜೀವಸತ್ತ್ವ, ಹೃದಯದ ಟಾರಿನ್ ಮುಂತಾದುವೆಲ್ಲ ಪ್ರಕೃತಿಯು ಅಳೆದಿಟ್ಟ ಪ್ರಮಾಣದಲ್ಲಿಯೇ ದೊರೆಯುವುವು. ಎಲುಬನ್ನು ಕಡಿಯುವುದರಿಂದ ಹಲ್ಲುಗಳೂ ಶುಚಿಯಾಗಿ ಉಳಿಯುವುವು.

ಇಲ್ಲಿ ಒಂದು ವಿಶೇಷವುಂಟು. ಫೆರೆಟ್ಟು ಯಾವುದನ್ನು ಆಹಾರವೆಂದು ಒಪ್ಪುವುದೆಂಬುದು ಅದರ ಮೊದಲ ಆರು ತಿಂಗಳ ಮೂಗಿನ ಅಭ್ಯಾಸದಿಂದ ನಿಶ್ಚಯವಾಗುವುದು. ಎಳೆಯದರಲ್ಲಿ ಒಣ ಉಂಡೆಗಳನ್ನೇ ತಿಂದು ಬೆಳೆದದ್ದರ ಮುಂದೆ ಇಲಿಯನ್ನಿಟ್ಟರೆ, ಅದು ತನಗೆ ಸಂಬಂಧಿಸಿದ ವಸ್ತುವೇ ಅಲ್ಲವೆಂಬಂತೆ ಮೂಸಿ ಹೊರಟುಹೋದೀತು. ಆದುದರಿಂದ ಈ ಆಹಾರಕ್ಕೆ ಮರಿಯಿಂದಲೇ ಪಳಗಿಸಬೇಕು.

ಚಿಟ್ಟಿಲಿಗಳ ಸಾಕಣೆ

ಇಂಗ್ಲಿಷರು ಮೌಸ್ ಎನ್ನುವ ಚಿಟ್ಟಿಲಿಯನ್ನು ಮೋಜಿಗಾಗಿ ಸಾಕುವ ಹವ್ಯಾಸವು ಆ ದೇಶದಲ್ಲಿ ಹಳೆಯದು. ನ್ಯಾಷನಲ್ ಮೌಸ್ ಕ್ಲಬ್ಬು ಅಲ್ಲಿ 1895ರಲ್ಲಿ ಸ್ಥಾಪಿತವಾಯಿತು. ಅಮೆರಿಕಾದ ಮ್ಯಾಸಚೂಸೆಟ್ಸ್ ಸಂಸ್ಥಾನದ ಗ್ರ್ಯಾನ್‌ಬಿ ಗ್ರಾಮದಲ್ಲಿ ಅಬ್ಬಿ ಲೇಥ್ರೋಪ್ ಎಂಬ ಮಹಿಳೆಯು ಉಪಾಧ್ಯಾಯಿನಿಯ ಕೆಲಸವನ್ನು ಬಿಟ್ಟು, ಕೋಳಿಸಾಕಣೆಯಲ್ಲಿ ಕೈಸೋತು, 1900ರ ಸುಮಾರಿಗೆ ಚಿಟ್ಟಿಲಿಗಳನ್ನು ಸಾಕತೊಡಗಿದಳು. ಆಕೆಯ ಇಲಿಗಳನ್ನು ಮೊದಲು ಹವ್ಯಾಸಿಗಳು ಕೊಂಡರು, ಬಳಿಕ ಪ್ರಯೋಗಶಾಲೆಗಳು ಕೊಂಡುವು. 1918ರಲ್ಲಿ ಆಕೆ ತೀರಿಕೊಂಡಳು. ಆದರೆ ಇಂದು ಜಗತ್ತಿನ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಯಲ್ಲಿರುವ ಸಿ57 ಕಪ್ಪು ಇಲಿಯ ವಂಶವು ಆಕೆಯ ಗೂಡಿನಿಂದಲೇ ಹೊರಟದ್ದು. ಮನೆಯ ಸಾಕಣೆಯನ್ನು ಶ್ರದ್ಧೆಯಿಂದ ನಡೆಸಿ ಲೆಕ್ಕವಿಟ್ಟರೆ ಅದು ಎಷ್ಟು ದೂರ ಹೋಗಬಹುದೆಂಬುದಕ್ಕೆ ಇದು ನಿದರ್ಶನ.

ಸಾಕುವ ಕ್ರಮವು ಕಠಿನವಲ್ಲ. ಒಂದು ಗಂಡಿಗೆ ಎರಡು ಮೂರು ಹೆಣ್ಣುಗಳಂತೆ ಒಂದೊಂದು ಪೆಟ್ಟಿಗೆಯಲ್ಲಿಡುವುದು ವಾಡಿಕೆ. ಎರಡು ಗಂಡುಗಳನ್ನು ಹೆಣ್ಣುಗಳೊಡನೆ ಕೂಡಿಹಾಕಿದರೆ ಕಾದಾಡಿ ರಕ್ತ ಹರಿಸುವುವು. ಗರ್ಭಕಾಲ 19ರಿಂದ 21 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ಆರರಿಂದ ಹತ್ತು ಮರಿಗಳು. ಹುಟ್ಟಿದ ಮರಿಯು ರೋಮವಿಲ್ಲದೆ, ಕುರುಡಾಗಿ, ನಸುಗೆಂಪಾಗಿರುವುದು. ಎರಡನೆಯ ವಾರದ ಕೊನೆಯ ವೇಳೆಗೆ ಕಣ್ಣು ಬಿಡುವುದು. 21 ದಿನಕ್ಕೆ ತಾಯ ಹಾಲನ್ನು ಬಿಡುವುದು. ಆರು ವಾರಗಳಾಗುವ ಹೊತ್ತಿಗೆ ತಾನೇ ಗರ್ಭ ಧರಿಸಲು ಶಕ್ತವಾಗುವುದರಿಂದ ಗಂಡುಹೆಣ್ಣು ಮರಿಗಳನ್ನು ಅದಕ್ಕೆ ಮೊದಲೇ ಬೇರ್ಪಡಿಸತಕ್ಕದ್ದು. ತಾಯಿಯು ಹೆತ್ತ ಒಂದು ದಿನದೊಳಗೇ ಮತ್ತೆ ಗರ್ಭ ಧರಿಸಬಲ್ಲಳು. ಹೆಚ್ಚು ಮರಿಗಳ ಆಸೆಗೆ ಹೀಗೆಯೇ ಬಿಡುವವರುಂಟು. ಆದರೆ ಎಡೆಬಿಡದೆ ಹೆತ್ತ ತಾಯಿ ಬೇಗ ಸೊರಗುವಳು, ಮರಿಗಳೂ ಸಣಕಲಾಗುವುವು. ಗರ್ಭಿಣಿಯನ್ನು ಬೇರೆ ಪೆಟ್ಟಿಗೆಗೆ ಸೇರಿಸಿ ಸ್ವಲ್ಪ ವಿಶ್ರಾಂತಿ ಕೊಡುವುದೇ ಲೇಸು.

ಪೆಟ್ಟಿಗೆಗೆ ಗಾಳಿ ಆಡಬೇಕು. ತಂತಿಜಾಲದ ಕಣ್ಣು 6 ಮಿಲಿಮೀಟರಿಗಿಂತ ಅಗಲವಾಗಿರಬಾರದು. ಹಾಸಿಗೆಗೆ ಕಾಗದದ ಚೂರೂ ಒಣಹುಲ್ಲೂ ಸಾಕು. ದೇವದಾರು ಜಾತಿಯ ಸುವಾಸನೆಯ ಹೊಟ್ಟು ಇಲಿಗಳ ಶ್ವಾಸಕ್ಕೆ ಒಳ್ಳೆಯದಲ್ಲ. ಓಟ್ಸು, ಗೋಧಿ ಮುಂತಾದ ಕಾಳುಗಳೊಡನೆ ಪ್ರೋಟೀನು ಸೇರಿದ ಇಲಿಯುಂಡೆಗಳನ್ನೂ, ಸದಾಕಾಲ ಶುದ್ಧವಾದ ನೀರನ್ನೂ ಇಡಬೇಕು. ಇಲಿಯು ತಿಂದದ್ದೇ ಮುಂದೆ ಫೆರೆಟ್ಟಿನ ಮೈಗೆ ಸೇರುವುದೆಂಬುದನ್ನು ಮರೆತು, ಬೂಷ್ಟು ಹಿಡಿದ ಕಾಳನ್ನು ಹಾಕಬಾರದು. ಇಲಿಗಳ ಕೋಣೆಯೂ ಫೆರೆಟ್ಟಿನ ಕೋಣೆಯೂ ಬೇರೆ ಬೇರೆಯಾಗಿರಲಿ. ಬೇಟೆಗಾರನ ವಾಸನೆಯು ಮೂಗಿಗೆ ಬಡಿಯುತ್ತಿದ್ದರೆ ತಾಯಿಲಿಯು ಕಳವಳಗೊಂಡು ತನ್ನ ಮರಿಗಳನ್ನು ತಾನೇ ಕೊಂದುಹಾಕಬಹುದು.

ದೊಡ್ಡಿಲಿಗಳು ಮತ್ತು ಲೆಕ್ಕ

ರ‍್ಯಾಟ್ ಎಂಬ ದೊಡ್ಡಿಲಿಗೆ ಗರ್ಭಕಾಲ 21ರಿಂದ 23 ದಿನ. ಸೂಲಿಗೆ ಎಂಟರಿಂದ ಹನ್ನೆರಡು ಮರಿಗಳು. ಚಿಟ್ಟಿಲಿಯ ಗಂಡಿನ ಮೂತ್ರದ ಘಾಟು ಮನೆಯನ್ನೆಲ್ಲ ತುಂಬುವುದು; ದೊಡ್ಡಿಲಿಯ ವಾಸನೆ ಅಷ್ಟಿಲ್ಲ. ಗಂಡುಗಳೂ ಪರಸ್ಪರ ಹೊಂದಿಕೊಂಡು ಬಾಳುವುವು.

ಈಗ ಗೃಹಸ್ಥರು ಲೆಕ್ಕವನ್ನು ನೋಡಲಿ. ಒಂದು ಕಿಲೋಗ್ರಾಂ ತೂಕದ ಫೆರೆಟ್ಟಿಗೆ ದಿನಕ್ಕೆ 100 ಗ್ರಾಂ ಆಹಾರವೆಂದು ಹಿಡಿಯೋಣ. ಅಂದರೆ 25 ಗ್ರಾಮಿನ ಚಿಟ್ಟಿಲಿಗಳು ನಾಲ್ಕು, ತಿಂಗಳಿಗೆ 120. ಹೆಣ್ಣೊಂದು ತಿಂಗಳಿಗೊಮ್ಮೆ ಎಂಟು ಮರಿಗಳನ್ನು ಹೆತ್ತು ಸಾಕಿದರೂ 15 ಹೆಣ್ಣುಗಳೂ ಐದು ಗಂಡುಗಳೂ ಬೇಕಾಗುವುವು. ಮರಿಗಳನ್ನು ಆರು ವಾರ ಬೆಳೆಸುವುದಾದರೆ, ಹಾಲು ಬಿಟ್ಟು ಬೆಳೆಯುತ್ತಿರುವ 80ಕ್ಕೆ ಮೇಲ್ಪಟ್ಟ ಮರಿಗಳು ಯಾವಾಗಲೂ ಮನೆಯಲ್ಲಿರುವುವು. ತಲೆಗೆ ನಾಲ್ಕು ಗ್ರಾಮಿನಂತೆ ಹಿಡಿದರೂ ಎಲ್ಲಕ್ಕೂ ಕೂಡಿ ದಿನದ ಕಾಳು 400 ಗ್ರಾಂ ಮೀರುವುದು. ನಾಲ್ಕು ಪಾಲು ಧಾನ್ಯವನ್ನು ಸುರಿದು ಒಂದು ಪಾಲು ಮಾಂಸವನ್ನು ಪಡೆದಂತಾಯಿತು. ದೊಡ್ಡಿಲಿಗಳಾದರೆ, 150 ಗ್ರಾಮಿನವರೆಗೆ ಬೆಳೆಸಿದ ಹತ್ತು ಮರಿಗಳ ಒಂದು ಸೂಲು ಫೆರೆಟ್ಟಿಗೆ ಹದಿನೈದು ದಿನದ ಊಟ. ಎರಡು ತಿಂಗಳಿಗೊಮ್ಮೆ ಹೆರುವ ನಾಲ್ಕು ಹೆಣ್ಣುಗಳು ಸಾಕು.

ಇದರಿಂದ ತಿಳಿಯುವುದೇನೆಂದರೆ, ಮನೆಯ ಸಾಕಣೆಯೊಂದನ್ನೇ ನಂಬಿ ಫೆರೆಟ್ಟನ್ನು ಪೋಷಿಸುವುದು ಸಣ್ಣ ಕೆಲಸವಲ್ಲ. ವಾರದಲ್ಲಿ ಎರಡು ದಿನ ಇಲಿಯನ್ನೂ, ಉಳಿದ ದಿನಗಳಲ್ಲಿ ಎಲುಬುಸಹಿತವಾದ ಹಸಿಯ ಕೋಳಿಮಾಂಸ, ಪಿತ್ತಕೋಶ, ಹೃದಯ ಮುಂತಾದುವನ್ನೂ ಕೊಡುವ ಮನೆಗೆ ಐದು ಹೆಣ್ಣು ಚಿಟ್ಟಿಲಿಗಳೂ ಎರಡು ಗಂಡುಗಳೂ ಸಾಕಾಗುವುವು. ಬೇಯಿಸಿದ ಎಲುಬು ಸಿಗುರೊಡೆದು ಕರುಳನ್ನು ಚುಚ್ಚುವುದರಿಂದ ಅದನ್ನು ಎಂದಿಗೂ ಕೊಡಬಾರದು.

ಎಚ್ಚರಿಕೆಯ ಮಾತುಗಳು

ಮನೆಯಲ್ಲಿ ಬೋನಿಗೆ ಬಿದ್ದ ಇಲಿಯನ್ನು ಫೆರೆಟ್ಟಿಗೆ ಹಾಕಿದರಾಗದೇ ಎಂದು ಕೆಲವರು ಕೇಳಬಹುದು. ಆಗದು. ಅದು ನೆರೆಮನೆಯಲ್ಲಿ ಪಾಷಾಣ ತಿಂದು ಬಂದಿರಬಹುದು. ಇಲಿಯನ್ನು ಕೊಲ್ಲುವ ರಕ್ತಸ್ರಾವದ ವಿಷವು ಇಲಿಯನ್ನು ತಿಂದುದನ್ನೂ ಕೊಲ್ಲುವುದು. ಕಾಡಿಲಿಯ ರೋಗಗಳು ಬೇರೆ.

ಸಾಕಿದ ಇಲಿಯೂ ಪೂರ್ಣ ನಿರಪಾಯವಲ್ಲ. 2017ರಲ್ಲಿ ಅಮೆರಿಕಾದ ಇಲಿನಾಯ್, ವಿಸ್ಕಾನ್ಸಿನ್ ಸಂಸ್ಥಾನಗಳಲ್ಲಿ ಮನೆಯಲ್ಲಿ ದೊಡ್ಡಿಲಿಗಳನ್ನು ಸಾಕುತ್ತಿದ್ದವರಿಗೆ ಸೋಲ್ ವೈರಸ್ ಎಂಬ ಸೋಂಕು ತಗುಲಿದುದು ಬಯಲಾಯಿತು. ಶೀತದಲ್ಲಿಟ್ಟ ಆಹಾರದ ಇಲಿಗಳಿಂದ ಸಾಲ್ಮೊನೆಲ್ಲಾ ಭೇದಿಯು ಮನೆಮಂದಿಗೆ ಹರಡಿದ ಸಂದರ್ಭಗಳು ಅಮೆರಿಕಾ, ಬ್ರಿಟನ್ ಎರಡರಲ್ಲಿಯೂ ನಡೆದಿವೆ. ಚಿಟ್ಟಿಲಿಯಿಂದ ಬರುವ ಒಂದು ಬಗೆಯ ಮಿದುಳುಪೊರೆಯ ಜ್ವರವು ಗರ್ಭದ ಶಿಶುವಿಗೆ ಕೇಡನ್ನುಂಟುಮಾಡುವುದರಿಂದ ಗರ್ಭಿಣಿಯರು ಇಲಿಯ ಪೆಟ್ಟಿಗೆಯನ್ನು ಮುಟ್ಟಲೇಕೂಡದು. ಮುಟ್ಟಿದವರೆಲ್ಲರೂ ಸಾಬೂನಿನಿಂದ ಕೈತೊಳೆಯುವುದು, ಅಡಿಗೆಮನೆಯ ಪಾತ್ರೆಗಳನ್ನು ಈ ಕೆಲಸಕ್ಕೆ ತಾರದಿರುವುದು, ಹೊಸದಾಗಿ ತಂದ ಇಲಿಯನ್ನು ಕೆಲವು ವಾರ ಬೇರೆಯಾಗಿಡುವುದು, ಇವು ತಪ್ಪದೆ ನಡೆಯಬೇಕು. ಫೆರೆಟ್ಟಿಗೆ ಊಟವನ್ನು ಮೂಲೆಯಲ್ಲಿ ಅಡಗಿಸಿಡುವ ಚಾಳಿಯುಂಟು. ಮಂಚದ ಕೆಳಗೆ, ಬಟ್ಟೆಯ ಗಂಟಿನಲ್ಲಿ ಹುಡುಕಿ, ಉಳಿದ ತುಣುಕುಗಳನ್ನು ದಿನವೂ ತೆಗೆದುಹಾಕತಕ್ಕದ್ದು.

ಕೊಲ್ಲುವ ಹೊಣೆ

ಇದುವರೆಗೆ ಹೇಳಿದುದೆಲ್ಲ ಸುಲಭವಾದ ಭಾಗ. ಗಣಪತಿಯ ವಾಹನವೆಂದು ಇಲಿಗೆ ಕೈಮುಗಿಯುವ ನಾಡಿನ ಓದುಗರಿಗೆ ಮನಸ್ಸು ಎಲ್ಲಿ ತಡೆಯುವುದೆಂಬುದು ತಿಳಿಯದ ವಿಷಯವಲ್ಲ. ಆ ಹಿಂಜರಿಕೆಯು ಕೇವಲ ದೌರ್ಬಲ್ಯವಲ್ಲವೆಂಬುದಕ್ಕೆ ಈಗಿನ ವಿಜ್ಞಾನವೂ ಸಾಕ್ಷಿ ಹೇಳುತ್ತದೆ. ದೊಡ್ಡಿಲಿಗಳಿಗೆ ಕಚಗುಳಿಯಿಟ್ಟರೆ ಅವು ನಮ್ಮ ಕಿವಿಗೆ ಕೇಳಿಸದ ಸ್ವರದಲ್ಲಿ ನಲಿವಿನ ಸದ್ದು ಮಾಡುವುವೆಂದು 1990ರ ದಶಕದಲ್ಲಿ ಯಾಕ್ ಪ್ಯಾಂಕ್‌ಸೆಪ್ ಎಂಬ ವಿಜ್ಞಾನಿಯು ಕಂಡುಹಿಡಿದನು. 2011ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ, ಕೊಳವೆಯೊಳಗೆ ಸಿಕ್ಕಿಬಿದ್ದ ಒಡನಾಡಿಯನ್ನು ಇನ್ನೊಂದು ಇಲಿಯು ತಾನಾಗಿ ಬಾಗಿಲು ತೆರೆದು ಬಿಡಿಸುವುದು ಕಂಡುಬಂದಿತು. ನಾವು ಊಟವೆಂದು ಎಣಿಸಿದುದಕ್ಕೂ ತನ್ನದೇ ಆದ ಸುಖದುಃಖಗಳುಂಟು.

ಆದುದರಿಂದ ಕೆಲವು ನಿಯಮಗಳು ಕಟ್ಟುನಿಟ್ಟಾಗಿರಬೇಕು. ಜೀವಂತವಾದ ಇಲಿಯನ್ನು ಫೆರೆಟ್ಟಿನ ಗೂಡಿಗೆ ಬಿಡಕೂಡದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯ ಮಾತು ಅಕ್ಷರಶಃ ನಿಜವಾಗುವುದು ಅಲ್ಲಿಯೇ. ತಪ್ಪಿಸಿಕೊಳ್ಳಲು ಎಡೆಯಿಲ್ಲದ ದೊಡ್ಡಿಲಿಯು ತಿರುಗಿ ಕಚ್ಚಿ ಫೆರೆಟ್ಟನ್ನೂ ಗಾಯಗೊಳಿಸುವುದು. ಬ್ರಿಟನ್ನಿನ 2006ರ ಪ್ರಾಣಿಕ್ಷೇಮದ ಕಾಯಿದೆಯ ಪ್ರಕಾರ ಸಾಕಿದ ಪ್ರಾಣಿಗೆ ಅನಾವಶ್ಯಕವಾದ ಯಾತನೆಯನ್ನುಂಟುಮಾಡುವುದು ಅಪರಾಧ; ಸಾಕಿದ ಇಲಿಯೂ ಆ ಆಶ್ರಯದ ಹೊರಗಿಲ್ಲ. ಕೊಲ್ಲುವುದಾದರೆ ಒಂದು ಕ್ಷಣದಲ್ಲಿ, ಅರಿತ ಕೈಯಿಂದ, ಉಳಿದ ಇಲಿಗಳ ಕಣ್ಣುಮೂಗುಗಳಿಂದ ದೂರವಾಗಿ ಆಗಬೇಕು. ಆ ಕ್ರಮವನ್ನು ಪಶುವೈದ್ಯರಿಂದಲೋ ಅನುಭವಿಗಳಿಂದಲೋ ಎದುರಿಗೆ ನಿಂತು ಕಲಿಯಬೇಕಲ್ಲದೆ ಓದಿ ಕಲಿಯುವಂಥದಲ್ಲ. ಬದುಕಿರುವ ಇಲಿಯನ್ನು ಹಿಮಪೆಟ್ಟಿಗೆಯಲ್ಲಿಟ್ಟು ಸಾಯಿಸುವುದು ಕ್ರೌರ್ಯ. ಇಂಗಾಲಾಮ್ಲದ ಅನಿಲವನ್ನು ಬಳಸುವವರು ತಿಳಿದಿರತಕ್ಕದ್ದೇನೆಂದರೆ, ಹಸುಗೂಸು ಮರಿಗಳು ಅದರಲ್ಲಿ ಬಹಳ ಹೊತ್ತು ಜೀವ ಹಿಡಿದಿರುವುವು. ಅವುಗಳಿಗೆ ಆ ಉಪಾಯವು ತಕ್ಕುದಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಮರೆಮಾಚುವುದಕ್ಕಿಂತ ನಿಜವನ್ನು ಮೊದಲೇ ಹೇಳುವುದು ಒಳ್ಳೆಯದು. ಇಂದು ಅಂಗೈಯಲ್ಲಿ ಆಡಿಸಿದ ಮರಿಯು ಆರು ವಾರದ ಮೇಲೆ ಕಾಣದೆ ಹೋದರೆ, ಹೇಳದ ಸತ್ಯವು ಮಗುವಿನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯುವುದು.

ಈ ಕೆಲಸವನ್ನು ಮಾಡಲಾರೆನೆಂದು ಹಿಂದೆಗೆಯುವವರು ನಾಚಬೇಕಾದುದಿಲ್ಲ. ಅಂಥವರಿಗೆ ಮಾಂಸಪ್ರಧಾನವಾಗಿ ಮಾಡಿದ ಒಳ್ಳೆಯ ಫೆರೆಟ್ ಆಹಾರವು ಆ ದೇಶಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಆದರೆ ಅದರೊಳಗೂ ಯಾವುದೋ ಒಂದು ಕೋಳಿಯ ಜೀವವಿದೆ; ನಾವು ಕಾಣದ ಕೈಯೊಂದು ಅದನ್ನು ತೆಗೆದಿದೆ. ಮಾಂಸಾಹಾರಿಯನ್ನು ಸಾಕುವ ಮನೆಯು ಈ ಋಣದಿಂದ ತಪ್ಪಿಸಿಕೊಳ್ಳಲಾರದು. ತನ್ನ ಗೂಡಿನಲ್ಲಿ ಬೆಳೆದ ಇಲಿಗೆ ಬದುಕಿರುವಷ್ಟು ದಿನ ಬೆಚ್ಚನೆಯ ಹಾಸಿಗೆ, ಹೊಟ್ಟೆತುಂಬ ಕಾಳು, ಭಯವಿಲ್ಲದ ಕತ್ತಲೆಯ ಮೂಲೆ, ಕೊನೆಗೆ ನೋವಿಲ್ಲದ ಮರಣ ಇವಿಷ್ಟನ್ನಾದರೂ ಸಲ್ಲಿಸುವವನೇ ಆ ಋಣವನ್ನು ಅರಿತವನು. ಫೆರೆಟ್ಟನ್ನು ಮನೆಗೆ ತರುವ ಮೊದಲು, ಅಷ್ಟಕ್ಕೆ ತನಗೆ ಶಕ್ತಿಯೂ ತಾಳ್ಮೆಯೂ ಉಂಟೇ ಎಂದು ಪ್ರತಿಯೊಬ್ಬ ಗೃಹಸ್ಥನೂ ತನ್ನನ್ನು ತಾನೇ ಕೇಳಿಕೊಳ್ಳಲಿ.